ಯಾದಿ ಮಾಸ್ತರರು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡ ಅಂತ ಗೊತ್ತಾದ ಮೇಲೆ, ಚೀಲದಿಂದ ಕಾದಂಬರಿ ತೆಗೆಯುವ ಮುಂಚೆ ಒಮ್ಮೆ ಆಚೀಚೆ ನೋಡಿಕೊಳ್ಳಿ. ಬೆಂಚಿನ ಆ ತುದಿಗೆ ಬಿಳಿ ಅಂಗಿ ತೊಟ್ಟು, ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು, ಹೆಗಲಿಗೆ ಸಾಹಿತ್ಯ ಸಮ್ಮೇಳನದ ಚೀಲ ಹಾಕಿದವರೊಬ್ಬರು ಕೂತಿದ್ದರೆ ಅವರೇ ಯಾದಿ ಮಾಸ್ತರರು. ನೀವು ಮೊದಲ ಹಾಳೆ ತಿರುವುವುದರೊಳಗೆ ಅವರು ಮುಖಪುಟ ಓದಿ ನಿಮ್ಮ ಪಕ್ಕಕ್ಕೆ ಸರಿದಿರುತ್ತಾರೆ.

“ಏನ್ ಓದ್ಲತ್ತೀರಿ ಸರ್?”

ಹೇಳುತ್ತೀರಿ.

“ಛಲೋ ಅದ. ಆದ್ರ ಅದಕ್ಕಿಂತ ಮೊದಲ ಇನ್ನೊಂದ್ ಓದಬೇಕಿತ್ರಿ ನೀವು.”

ಇವರು ಮಾಸ್ತರಕಿ ಮಾಡಿರಲೇಬೇಕೆಂದಿಲ್ಲ. ಶಹಾಬಾದಿನಲ್ಲಿ ಫರಸಿ ವ್ಯಾಪಾರಿ, ಸೇಡಂನಲ್ಲಿ ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾದ ಗುಮಾಸ್ತ, ಚಿಂಚೋಳಿಯಲ್ಲಿ ವಿಮಾ ಏಜೆಂಟ್, ಹೀಗೆ ಯಾವ ವೇಷದಲ್ಲಾದರೂ ಸಿಗುತ್ತಾರೆ. ಪುಸ್ತಕದ ಬಗ್ಗೆ ನಿಂತು ಹತ್ತು ನಿಮಿಷ ಮಾತಾಡುವವರನ್ನು ನಮ್ಮ ಕಡೆ ಮಾಸ್ತರ ಅಂತಲೇ ಕರೆಯುವುದು. ಯಾದಿ ಅನ್ನುವುದು ಆಮೇಲೆ ಜನ ಪ್ರೀತಿಯಿಂದ ಸೇರಿಸಿದ್ದು. ಅವರ ಚೀಲದಲ್ಲಿ ಪುಸ್ತಕ ಇರುವುದಿಲ್ಲ, ಯಾದಿ ಇರುತ್ತದೆ. ಓದಲೇಬೇಕಾದ ಕನ್ನಡ ಕಾದಂಬರಿಗಳು, ಅನುವಾದವಾದ ಜಗತ್ತಿನ ಕಾದಂಬರಿಗಳು, ಮೊದಲು ಓದಬೇಕಾದವು, ಮೊದಲನೆಯದಕ್ಕೂ ಮೊದಲು ಓದಬೇಕಾದವು.

ಚಿತ್ತಾಪುರದ ಕಾಲೇಜು ಹುಡುಗಿಯೊಬ್ಬಳು ಸೂಟಿಯಲ್ಲಿ ಓದಲಿಕ್ಕೆ ಒಂದು ಒಳ್ಳೆಯ ಕಾದಂಬರಿ ಹೇಳ್ರಿ ಕಾಕಾ ಅಂತ ಕೇಳಿದಳು. ಪಾಪ, ಕೇಳಿದ್ದು ಒಂದು.

“ಭೈರಪ್ಪನವರ ‘ಪರ್ವ’ ಓದವಾ ತಂಗಿ. 1979ರದ್ದು. ಭಾಳ ದೊಡ್ಡ ಕೆಲಸ.”

ಹುಡುಗಿ ಬರೆದುಕೊಂಡಳು.

“ಆದ್ರ ಅದು ಮಹಾಭಾರತ ನೋಡು. ಅದಕ್ಕಿಂತ ಮೊದಲ ಕುಮಾರವ್ಯಾಸ ಆಗಬೇಕು.”

ಅದನ್ನೂ ಬರೆದುಕೊಂಡಳು.

“ಪಂಪನ್ನ ಬಿಟ್ಟು ಕುಮಾರವ್ಯಾಸ ಓದಿದ್ರ ಏನ್ ತಿಳೀತದ? ಮತ್ತ ಪಂಪ ತಿಳೀಬೇಕಂದ್ರ ಅದಕ್ಕಿಂತ ಮೊದಲ…”

ಹೀಗೆ ಇಪ್ಪತ್ತನೆಯ ಶತಮಾನದಿಂದ ಹಿಂದಕ್ಕೆ ಹೊರಟ ಗಾಡಿ ಒಂಬತ್ತನೆಯ ಶತಮಾನದ ಮಳಖೇಡಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದೆ ಹಳಿ ಇಲ್ಲ. ಹುಡುಗಿ ಆ ಸೂಟಿಯಲ್ಲಿ ಟೈಲರಿಂಗ್ ಕಲಿತಳು.

ಮಳಖೇಡ ಅಂದಾಗ ಮಾಸ್ತರರ ಎದೆ ಉಬ್ಬುವುದಕ್ಕೆ ಕಾರಣ ಇದೆ. ಸೇಡಂ ತಾಲೂಕಿನ ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು ಕ್ರಿ.ಶ. 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಅದರಲ್ಲೊಂದು ಯಾದಿ ಇದೆ: ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮುಂತಾದವರು ಗದ್ಯದಲ್ಲಿ ಹೆಸರು ಮಾಡಿದವರು ಅಂತ. ಈ ಗದ್ಯಕಾರರ ಒಂದು ಕೃತಿಯೂ ಇವತ್ತು ನಮ್ಮ ಕೈಯಲ್ಲಿಲ್ಲ. ಪುಸ್ತಕಗಳೆಲ್ಲ ಹೋದವು, ಯಾದಿ ಉಳಿಯಿತು.

“ನೋಡ್ರಿ, ಯಾದಿ ಅಂದ್ರ ಸಣ್ಣ ಕೆಲಸ ಅನ್ಕೋಬ್ಯಾಡ್ರಿ,” ಅನ್ನುತ್ತಾರೆ ಮಾಸ್ತರರು. ಶ್ರೀವಿಜಯ ಅವರನ್ನೆಲ್ಲ ಓದಿದ ಮೇಲೆ ಹೆಸರು ಬರೆದಿರಬೇಕಲ್ಲ ಅಂತ ಯಾರಾದರೂ ಅಂದರೆ, ಅದಕ್ಕೂ ಆ ಗ್ರಂಥದಿಂದಲೇ ಉತ್ತರ ತೆಗೆಯುತ್ತಾರೆ. ಈ ನಾಡಿನ ಜನ ಉದ್ದೇಶಪಟ್ಟು ಓದದಿದ್ದರೂ ಕಾವ್ಯದಲ್ಲಿ ಪಳಗಿದ ಬುದ್ಧಿಯವರು ಎಂಬ ಹೊಗಳಿಕೆ ಅಲ್ಲಿದೆಯಲ್ಲ! ಕನ್ನಡಿಗರೆಲ್ಲ ಆ ಮಾತಿಗೆ ಹೆಮ್ಮೆಪಡುತ್ತಾರೆ. ಅದನ್ನು ರಜಾ ಅರ್ಜಿಯ ಹಾಗೆ ಬಳಸಿಕೊಂಡವರು ನಮ್ಮ ಮಾಸ್ತರರೊಬ್ಬರೇ ಇರಬೇಕು.

ಕಲಬುರಗಿಯಲ್ಲಿ 85ನೆಯ ಸಾಹಿತ್ಯ ಸಮ್ಮೇಳನ ನಡೆದದ್ದು 2020ರ ಫೆಬ್ರವರಿಯಲ್ಲಿ. ಮೂರೂ ದಿನ ಮಾಸ್ತರರು ಗೋಷ್ಠಿಯ ಕಡೆ ಸುಳಿಯಲಿಲ್ಲ, ಪುಸ್ತಕ ಮಳಿಗೆಗಳಲ್ಲೇ ಇದ್ದರು. ರಿಯಾಯಿತಿಯಲ್ಲಿ ಕೊಂಡದ್ದನ್ನು ತೊಗರಿ ಚೀಲದಲ್ಲಿ ತುಂಬಿ ಗಾಡಿ ಹತ್ತಿಸಿದರು. ‘ಮಲೆಗಳಲ್ಲಿ ಮದುಮಗಳು’, ‘ಗ್ರಾಮಾಯಣ’, ‘ಶಿಕಾರಿ’, ‘ಮರಳಿ ಮಣ್ಣಿಗೆ’, ಒಂದೊಂದೂ ಗಟ್ಟಿ ಕಾಳು. ಮುಂದಿನ ತಿಂಗಳೇ ಲಾಕ್‌ಡೌನ್. ಹೊರಗೆ ಹೋಗುವ ಹಾಗಿಲ್ಲ, ಮಾತಾಡಿಸಲಿಕ್ಕೆ ಜನ ಇಲ್ಲ, ಮನೆಯ ಗೋಡೆಗೂಡಿನ ಫರಸಿ ಹಲಗೆಯ ಮೇಲೆ ಸಾಲಾಗಿ ಕಾದಂಬರಿ. ಇನ್ನು ಓದದೆ ಗತಿಯಿಲ್ಲ ಅಂತ ಊರವರೆಲ್ಲ ಅಂದುಕೊಂಡರು. ಮಾಸ್ತರರು ಆ ಪುಸ್ತಕಗಳನ್ನು ಮೊದಲು ಲೇಖಕರ ಪ್ರಕಾರ ಜೋಡಿಸಿದರು, ಆಮೇಲೆ ಇಸವಿಯ ಪ್ರಕಾರ. ಕೊನೆಗೆ ಜ್ಞಾನಪೀಠ ಬಂದವರು, ಬರಬೇಕಿದ್ದವರು, ಬಂದದ್ದಕ್ಕೆ ತಮ್ಮ ಒಪ್ಪಿಗೆ ಇಲ್ಲದವರು ಅಂತ ಮೂರು ಪಾಲು ಮಾಡಿದರು. ಅಷ್ಟರಲ್ಲಿ ಬಸ್ಸು ಬಿಟ್ಟರು.

ನಮ್ಮ ಕಡೆ ಯಾದಿ ಪೇ ಶಾದಿ ಅಂತ ಒಂದು ಪದ್ಧತಿ. ಕೊಡು-ಕೊಳ್ಳುವುದರ ಯಾದಿ ಬರೆದ ದಿನವೇ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡುವುದು. ಮಾಸ್ತರರ ಮನೆಯಲ್ಲಿ ಯಾದಿ ವರ್ಷಾವರ್ಷ ನಡೆಯುತ್ತದೆ, ಶಾದಿ ಆದದ್ದನ್ನು ಯಾರೂ ಕಂಡಿಲ್ಲ.

ಟಾಲ್‌ಸ್ಟಾಯ್‌ನ ಸಂಬಂಧವೂ ಹೀಗೇ ಮುರಿಯಿತು. ‘ಯುದ್ಧ ಮತ್ತು ಶಾಂತಿ’ಗೆ ದೇಜಗೌ ಮಾಡಿದ ಕನ್ನಡ ಒಂದಿದೆ, ಓ.ಎಲ್. ನಾಗಭೂಷಣಸ್ವಾಮಿ ಮಾಡಿದ್ದು ಇನ್ನೊಂದಿದೆ. ಯಾವುದು ಓದಬೇಕು? ಎರಡನ್ನೂ ಓದಿ ತೂಗಿ ನೋಡಿ, ಆಮೇಲೆ ಒಂದನ್ನು ಆರಿಸಿ, ಅದನ್ನು ಓದುವುದು ಸರಿಯಾದ ಕ್ರಮ ಅಂತ ನಿರ್ಧಾರವಾಯಿತು. ತೂಗಿ ನೋಡುವುದಕ್ಕಾದರೂ ಮೂಲ ಬೇಕಲ್ಲ? ಮೂಲ ರಷ್ಯನ್. ಅಲ್ಲಿಗೆ ಮಾಸ್ತರರು ರಷ್ಯನ್ ಕಲಿಯುವ ಯೋಚನೆಗೆ ಬಂದು, ಅದಕ್ಕಿಂತ ಮೊದಲು ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಬೇಕು ಅಂತ ಕೈಬಿಟ್ಟರು.

ಭೀಮಾ ದಂಡೆಯ ಸನ್ನತಿಗೆ ಅವರ ಜೊತೆ ಹೋದರೆ ಇನ್ನೊಂದು ಪಾಠ. ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠಕ್ಕೆ ಆಧಾರವಾಗಿ ಬಳಸಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಎಷ್ಟೋ ತಲೆಮಾರಿನ ಜನ ಅದರ ಮುಂದೆ ಕೈ ಮುಗಿದು, ಬರಹ ಇದೆ ಅಂತ ತಿಳಿಯದೆ ಮನೆಗೆ ಹೋಗಿದ್ದರು. “ದೊಡ್ಡ ಸಾಹಿತ್ಯ ನಮ್ಮ ಕಾಲಬುಡಕ್ಕೇ ಇರ್ತದ್ರಿ, ನಮಗ ಕಣ್ಣಿರಲ್ಲ,” ಅಂತ ಮಾಸ್ತರರು ಅಲ್ಲಿ ನಿಂತು ಗದ್ಗದಿತರಾಗುತ್ತಾರೆ. ಆ ಮಾತನ್ನು ಒಪ್ಪಲೇಬೇಕು. ಅವರ ಮನೆಯ ಹೊಲಿಗೆ ಮಷೀನಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಟಾಲ್‌ಸ್ಟಾಯ್ ಇದ್ದಾನೆ.

ಇಟ್ಟವರು ಅವರ ಮನೆಯವರು. ಆ ತಾಯಿಗೆ ಪುಸ್ತಕದ ಮೇಲೆ ಸಿಟ್ಟೇನಿಲ್ಲ. ಅಮಾಸಿಗೊಮ್ಮೆ ಎಲ್ಲವನ್ನೂ ಇಳಿಸಿ ಧೂಳು ಹೊಡೆಯುವವರು ಅವರೇ. ಹಾಗೆ ಇಳಿಸುವಾಗ ಒಮ್ಮೆ ಗೀತಾ ನಾಗಭೂಷಣರ ‘ಬದುಕು’ ಕೈಗೆ ಬಂತು. ಮಧ್ಯಾಹ್ನ ರೊಟ್ಟಿ ಬಡಿದಾದ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ಹಿಡಿದದ್ದು ಮುಗಿಯುವ ತನಕ ಬಿಡಲಿಲ್ಲ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಅದು. ಬರೆದವರು ಇದೇ ಜಿಲ್ಲೆಯವರು, 2010ರ ಗದಗ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಮಾಸ್ತರರ ಯಾದಿಯಲ್ಲಿ ಆ ಹೆಸರಿಲ್ಲ. ಯಾಕೆ ಅಂದರೆ, “ಅವರು ನಮ್ಮವರೇ ಅಲ್ರಿ, ಯಾವಾಗರ ಓದಬಹುದು,” ಎಂಬ ಉತ್ತರ.

“ಅವರ ಯಾದಿ ಅವರಿಗಿರ್ಲಿ ಬಿಡ್ರಿ ಅಣ್ಣಾ,” ಅಂದರು ಆ ತಾಯಿ. “ಇದ್ರಾಗಿನ ಹೆಣ್ಮಕ್ಕಳು ನಮ್ಮ ಓಣ್ಯಾಗ ಮಾತಾಡಿದಂಗ ಮಾತಾಡ್ತಾರ. ಜಗಳ ಆಡೋದೂ ಹಂಗೇ. ನಡುವ ಹ್ಯಾಂಗ್ ಬಿಟ್ಟ ಏಳ್ಲಿ?”

ಈ ಬೇಸಿಗೆಗೆ ನಿಮಗೊಂದು ಕಾದಂಬರಿ ಬೇಕಿದ್ದರೆ ಮಾಸ್ತರರನ್ನು ಕೇಳಬೇಡಿ. ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಹೋಗಿ, ಅವರ ಮನೆಯವರನ್ನು ಕೇಳಿ. ಒಂದೇ ಹೆಸರು ಹೇಳುತ್ತಾರೆ, ಪುಸ್ತಕವನ್ನೂ ಕೊಡುತ್ತಾರೆ. ಎರಡನೆಯ ಹೆಸರು ಬೇಕೆಂದರೆ ಮೊದಲನೆಯದನ್ನು ಓದಿ ಮುಗಿಸಿ ವಾಪಸು ತಂದುಕೊಡಬೇಕು.