ಮೆಸೇಜ್ ಹಾಕಿದ್ದೆ, ನೋಡಿದ್ರಾ?

ಕ್ಯಾಮೆರಾ ಇರುವ ಮೊಬೈಲನ್ನು ಗೇಟಿನಿಂದ ಒಳಗೆ ಬಿಡದ ಕಾರ್ಖಾನೆಯಲ್ಲಿ ದುಡಿಯುವವರಿಗೆ ಕಾರ್ಡ್‌ಲೆಸ್ ಸೆಟ್ಟಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಅದು ಮೊಬೈಲಿನ ಬಡ ದಾಯಾದಿ. ಮುಖ ಅದೇ, ಮೈಕಟ್ಟು ಅದೇ, ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸ್ವಲ್ಪ ಗತ್ತೂ ಬರುತ್ತದೆ. ಆದರೆ ಹಾಡು ಹಾಡುವುದಿಲ್ಲ, ರೀಲ್ಸ್ ತೋರಿಸುವುದಿಲ್ಲ, ಕಾಂಪೌಂಡ್ ದಾಟಿ ಟೀ ಅಂಗಡಿಗೆ ಹೋದರೆ ಉಸಿರೇ ಇಲ್ಲ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಬೆಳಗ್ಗೆ ಗೇಟಿನ ಗೂಡಿನಲ್ಲಿ ಸ್ವಂತ ಮೊಬೈಲ್ ಇಟ್ಟು, ಟೋಕನ್ ಇಸಿದುಕೊಂಡು, ಚಾರ್ಜರಿನ ಮೇಲಿಂದ ಈ ಸೆಟ್ ಎತ್ತಿಕೊಂಡರೆ ಪಾಳಿ ಶುರುವಾಯಿತೆಂದು ಅರ್ಥ.

ಇದರ ಶಾಸ್ತ್ರೋಕ್ತ ಹೆಸರು ಡೆಕ್ಟ್. ಯುರೋಪಿನವರು 1990ರ ದಶಕದ ಆರಂಭದಲ್ಲಿ ರೂಪಿಸಿದ ಪದ್ಧತಿ. ಗೋಡೆಗೆ ಹೊಡೆದಿರುವ ಒಂದೊಂದು ಬೇಸ್ ಸ್ಟೇಷನ್ನೂ ಸೆಕೆಂಡಿನ ನೂರನೇ ಒಂದು ಭಾಗವನ್ನು 24 ಚೂರು ಮಾಡಿ, ಹನ್ನೆರಡನ್ನು ಹೇಳುವುದಕ್ಕೆ, ಹನ್ನೆರಡನ್ನು ಕೇಳುವುದಕ್ಕೆ ಹಂಚುತ್ತದೆ. ಆದ್ದರಿಂದ ಒಂದು ಬೇಸಿನಡಿ ಏಕಕಾಲಕ್ಕೆ ಹೆಚ್ಚೆಂದರೆ 12 ಸಂಭಾಷಣೆ ನಡೆಯಬಹುದು. (ನಮ್ಮ ಪ್ರೊಡಕ್ಷನ್ ಮೀಟಿಂಗಿಗೆ ಈ ಕಟ್ಟುಪಾಡಿಲ್ಲ. ಅಲ್ಲಿ ಎಲ್ಲರಿಗೂ ಹೇಳುವ ಚೂರೇ ಸಿಕ್ಕಿರುತ್ತದೆ, ಕೇಳುವ ಚೂರು ಯಾರ ಪಾಲಿಗೂ ಬಂದಿರುವುದಿಲ್ಲ.) ಬಯಲಿನಲ್ಲಾದರೆ ಮುನ್ನೂರು ಮೀಟರ್‌ವರೆಗೆ ಎಟುಕುತ್ತದೆ, ಕಟ್ಟಡದೊಳಗೆ ಐವತ್ತಕ್ಕೇ ಸುಸ್ತು. ಕಬ್ಬಿಣದ ರಾಶಿ ಅಡ್ಡ ಬಂದರೆ ಅದೂ ಇಲ್ಲ. ಸೆಟ್ಟುಗಳು ಬಂದ ಮೇಲೆ ಸ್ಕ್ರಾಪ್ ಯಾರ್ಡಿನ ಹಿಂದುಗಡೆ ಜನಸಂಖ್ಯೆ ಹೆಚ್ಚಾದದ್ದಕ್ಕೆ ಬೇರೆ ಕಾರಣ ನನಗೆ ಹೊಳೆದಿಲ್ಲ.

ಸೆಟ್ ಮಾರಲು ಬಂದಿದ್ದ ಹುಡುಗ ಪ್ರೊಜೆಕ್ಟರ್ ಹಾಕಿ, "ಸಾರ್, ಇದರಲ್ಲಿ ಮೆಸೇಜಿಂಗ್ ಇದೆ. ನಿಮ್ಮ ಕಾಲ್‌ಗಳೆಲ್ಲ ಅರ್ಧಕ್ಕರ್ಧ ಕಡಿಮೆ ಆಗ್ತವೆ" ಎಂದಿದ್ದ. ಪಾಪ, ಅವನು ನಮ್ಮನ್ನು ನೋಡಿದ್ದು ಅದೇ ಮೊದಲು. ಈಗ ನಡೆಯುವುದು ಹೀಗೆ. ಪ್ಲಾನಿಂಗ್‌ನವರು ನನಗೆ ಮೆಸೇಜ್ ಕಳಿಸುತ್ತಾರೆ. ಅದು ನನ್ನ ಸೊಂಟದಲ್ಲಿ ಕೀಂಕ್ ಎನ್ನುತ್ತದೆ. ತೆಗೆದು ಓದುವಷ್ಟರಲ್ಲಿ ಅದೇ ಸೆಟ್ ರಿಂಗಾಗುತ್ತದೆ.

"ಸಾರ್, ಮೆಸೇಜ್ ಹಾಕಿದ್ದೆ, ನೋಡಿದ್ರಾ?"

"ನೋಡ್ತಾ ಇದ್ದೆ, ನೀವು ಕಾಲ್ ಮಾಡಿದ್ರಿ."

"ಏನಿಲ್ಲ, ಹೊಸೂರು ಲೋಡು ಇವತ್ತೇ ಹೋಗ್ಬೇಕು ಅಂತ ಹಾಕಿದ್ದೆ."

"ಸರಿ."

"ಒಂದ್ಸಲ ನೋಡ್ಬಿಡಿ ಸಾರ್, ಅದ್ರಲ್ಲಿ ಎಲ್ಲಾ ಇದೆ."

ಊಟದ ಹೊತ್ತಿಗೆ ಅವರೇ ಖುದ್ದಾಗಿ ನಾನಿರುವ ಡಿಸ್ಪ್ಯಾಚಿಗೆ ಬಂದು, ಟೇಬಲ್ಲಿನ ಅಂಚಿಗೆ ಒರಗಿ ನಿಂತು, "ಬೆಳಗ್ಗೆ ಫೋನಲ್ಲಿ ಹೇಳಿದ್ನಲ್ಲ..." ಎಂದು ಶುರು ಮಾಡುತ್ತಾರೆ. ಮೊದಲು ಒಂದೇ ಸಲ ಬಂದು ಹೇಳಿ ಹೋಗುತ್ತಿದ್ದ ಮನುಷ್ಯ ಈಗ ಒಂದೇ ವಿಷಯಕ್ಕೆ ಮೂರು ಸಲ ದುಡಿಯುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ಬರೆದದ್ದು ಮುಟ್ಟಿದೆಯೋ ಇಲ್ಲವೋ ಎಂಬ ಸಂಶಯ ನಮ್ಮ ರಕ್ತದಲ್ಲಿದೆ. ಮನೆಮನೆಗೆ ಮದುವೆ ಕಾಗದ ಹಂಚಿದ ಮೇಲೂ "ಕಾಗದ ಸೇರ್ತಾ?" ಎಂದು ಕೇಳದಿದ್ದರೆ ನೆಂಟರು ಬರುತ್ತಾರೆಯೆ?

ಬರೆಯುವುದೂ ಸುಲಭದ ಮಾತಲ್ಲ. ಹನ್ನೆರಡು ಗುಂಡಿಗಳ ಹಳೇ ಕಾಲದ ಕೀಪ್ಯಾಡು. ಏಳನ್ನು ನಾಲ್ಕು ಸಲ ಒತ್ತಿದರೆ ಎಸ್ಸು, ಒಂಬತ್ತನ್ನು ನಾಲ್ಕು ಸಲ ಒತ್ತಿದರೆ ಝಡ್ಡು. ನಮ್ಮ ಎಚ್‌ಆರ್ ಮೇಡಂ ಕಾಲೇಜಿನಲ್ಲಿದ್ದಾಗ ಬೆಂಚಿನ ಕೆಳಗೆ ಕೈಯಿಟ್ಟು, ಕಣ್ಣು ಬೋರ್ಡಿನ ಮೇಲಿಟ್ಟು, ನೋಕಿಯಾದಲ್ಲಿ ಟೈಪ್ ಮಾಡಿದ ತಲೆಮಾರು. ಅವರ ಬೆರಳುಗಳು ನೆನಪಿನಿಂದಲೇ ಓಡುತ್ತವೆ. ಇಪ್ಪತ್ತೆರಡರ ಟ್ರೈನಿಗಳಿಗೆ ಈ ವಿದ್ಯೆ ಮೋಡಿ ಲಿಪಿಯಷ್ಟೇ ದೂರ. ಅವರು ಒಂದು ಎಸ್ ತಪ್ಪಿಸಿ, ಅಳಿಸಿ, ಮತ್ತೆ ಒತ್ತಿ, ಕೊನೆಗೆ ಎದ್ದು ನಡೆದೇ ಹೋಗುತ್ತಾರೆ. ಆರೋಗ್ಯಕ್ಕೆ ಒಳ್ಳೆಯದೇ.

ಸೆಟ್ಟಿನಲ್ಲಿ ಕನ್ನಡ ಲಿಪಿ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತೇವೆ. ಪರದೆಯ ಮೇಲೆ ಒಮ್ಮೆಗೆ ಕಾಣುವುದು ಒಂದೆರಡು ಸಾಲು, ಉಳಿದದ್ದಕ್ಕೆ ಕೆಳಗಿನ ಗುಂಡಿ ಒತ್ತುತ್ತಾ ಹೋಗಬೇಕು. ಇಲ್ಲೇ ಇರುವುದು ಅಪಾಯ. ಇಂಗ್ಲಿಷಿನವನು ಬೇಡವೆನ್ನುವುದನ್ನು ವಾಕ್ಯದ ಬಾಗಿಲಲ್ಲೇ ಹೇಳಿಬಿಡುತ್ತಾನೆ. ನಾವು ಪೂರ್ತಿ ವಿಷಯ ವಿವರಿಸಿ, ಎಲ್ಲರನ್ನೂ ಮಾತಾಡಿಸಿ, ಕೊನೆಯಲ್ಲಿ ‘ಬೇಡಿ’ ಎನ್ನುವವರು. ಒಮ್ಮೆ ಪರ್ಚೇಸಿನಿಂದ ಸ್ಟೋರ್ಸಿಗೆ ಮೆಸೇಜ್ ಬಂತು: ‘ಸಾರ್ ದಯವಿಟ್ಟು ಗೇಟಲ್ಲಿ ನಿಂತಿರೋ ಲಾರಿಯಿಂದ ಶೀಟುಗಳನ್ನ ಯಾವ ಕಾರಣಕ್ಕೂ ಇಳಿಸ್ಬೇಡಿ.’ ಸ್ಟೋರ್ಸ್ ಯಜಮಾನರು ಸೌಜನ್ಯವಂತರು, ದಯವಿಟ್ಟು ಎಂದರೆ ಕರಗಿಹೋಗುತ್ತಾರೆ. ಅವರು ಕಂಡದ್ದು ಶೀಟುಗಳವರೆಗೆ. ಕೆಳಗಿನ ಗುಂಡಿ ಒತ್ತುವ ಬದಲು ಕ್ರೇನಿನವನನ್ನು ಕರೆದರು. ವಾಪಸ್ ಕಳಿಸಬೇಕಿದ್ದ ತುಕ್ಕು ಹಿಡಿದ ಶೀಟುಗಳೆಲ್ಲ ಊಟದೊಳಗೆ ಅಚ್ಚುಕಟ್ಟಾಗಿ ಪೇರಿಸಲ್ಪಟ್ಟಿದ್ದವು.

ಇಷ್ಟು ಮೋಟು ಜಾಗದಲ್ಲಿ ಮನುಷ್ಯನ ಮನಸ್ಸಿನ ಮಾತೆಲ್ಲ ಹಿಡಿಸೀತೆಂದು ಮೊದಲು ನಂಬಿದವನು ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್. 1985ರಲ್ಲಿ ಆತ ಟೈಪ್‌ರೈಟರ್ ಮುಂದೆ ಕೂತು ತೋಚಿದ ವಾಕ್ಯಗಳನ್ನೆಲ್ಲ ಕುಟ್ಟಿ, ಅಕ್ಷರ ಎಣಿಸಿ, 160 ಧಾರಾಳವಾಯಿತೆಂದು ತೀರ್ಮಾನಿಸಿದ. ಬಾನ್ ನಗರದಲ್ಲಿ ಕೂತು ಎಣಿಸಿದ್ದಕ್ಕೆ 160 ಸಾಕಾಯಿತು. ಎಣಿಸಿದ್ದು ಬಸವನಗುಡಿಯಲ್ಲಾಗಿದ್ದರೆ ಕ್ಷೇಮಸಮಾಚಾರಕ್ಕೇ ಅಷ್ಟು ಬೇಕಾಗುತ್ತಿತ್ತು. ಮೊಬೈಲಿನಲ್ಲಿ ಕನ್ನಡ ಲಿಪಿಯಲ್ಲೇ ಎಸ್‌ಎಂಎಸ್ ಬರೆದರೆ ಆ 160 ಕೂಡ 70ಕ್ಕೆ ಇಳಿಯುತ್ತದೆ. ಅದರಲ್ಲೂ ಒತ್ತು, ಗುಣಿತ, ದೀರ್ಘ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ನಮ್ಮ ಕಣ್ಣಿಗೆ ಎರಡೇ ಅಕ್ಷರವಾದ ‘ಶಾಸ್ತ್ರಿ’ಗೆ ಯಂತ್ರ ಎಂಟು ಸ್ಥಾನ ಕೊಡಬೇಕು. ಶಾಸ್ತ್ರಿಗಳನ್ನು ಎಲ್ಲಿಗೆ ಕರೆಸಿದರೂ ಖರ್ಚು ಜಾಸ್ತಿಯೇ.

ಜಗತ್ತಿನ ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪಾಪ್‌ವರ್ಥ್ ಎಂಬ ಎಂಜಿನಿಯರು ಕಂಪ್ಯೂಟರಿನಿಂದ ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದ. ಜಾರ್ವಿಸ್ ಉತ್ತರ ಕೊಡಲಿಲ್ಲ, ಏಕೆಂದರೆ ಅವರ ಫೋನಿನಲ್ಲಿ ಬರೆಯುವ ಅನುಕೂಲವೇ ಇರಲಿಲ್ಲ. ಮೊದಲ ಮೆಸೇಜಿಗೇ ಉತ್ತರ ಬರಲಿಲ್ಲವೆಂಬುದನ್ನು ನಮ್ಮ ಪರ್ಚೇಸಿನವರಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಅಂದಿನಿಂದ ಅವರು ಆ ಪರಂಪರೆಯನ್ನು ಕಟ್ಟುನಿಟ್ಟಾಗಿ ನಡೆಸಿಕೊಂಡು ಬರುತ್ತಿದ್ದಾರೆ.

ಬರೆಯಲು ಬೇಸರವಾದವರಿಗೆ ಸಿದ್ಧ ಮೆಸೇಜುಗಳಿವೆ. ‘ಮೀಟಿಂಗಿನಲ್ಲಿದ್ದೇನೆ’, ‘ಐದು ನಿಮಿಷದಲ್ಲಿ ಬರುತ್ತೇನೆ’, ‘ನಂತರ ಕರೆ ಮಾಡಿ’ ಎಂದು ನಂಬರಿನ ಪ್ರಕಾರ ಕೂತಿರುತ್ತವೆ. ನಂಬರ್ ಆರಿಸಿದರೆ ವಾಕ್ಯ ಹೊರಡುತ್ತದೆ. 2013ರ ಜುಲೈನಲ್ಲಿ ಕಣ್ಮುಚ್ಚಿದ ನಮ್ಮ ತಂತಿ ಸೇವೆಯಲ್ಲೂ ಇದೇ ಏರ್ಪಾಡಿತ್ತು. ಹಬ್ಬಕ್ಕೊಂದು, ಮದುವೆಗೊಂದು, ಪರೀಕ್ಷೆ ಪಾಸಾದದ್ದಕ್ಕೊಂದು ನಂಬರ್. ನಂಬರ್ ಬರೆದುಕೊಟ್ಟರೆ ಆ ಕಡೆ ಶುಭಾಶಯದ ಇಡೀ ವಾಕ್ಯ ತಲುಪುತ್ತಿತ್ತು. ಆ ವಾಕ್ಯಗಳಲ್ಲಿ ಹಾರೈಕೆಯಾದರೂ ಇತ್ತು. ಇಲ್ಲಿರುವುದು ಬರೀ ನೆಪಗಳು. ‘ಐದು ನಿಮಿಷದಲ್ಲಿ ಬರುತ್ತೇನೆ’ ಎಂಬುದನ್ನು ಮೇಂಟೆನೆನ್ಸಿನವರು ಎಷ್ಟು ಬಳಸಿದ್ದಾರೆಂದರೆ ಅವರ ಸೆಟ್ಟಿನಲ್ಲಿ ಆ ಒಂದು ಗುಂಡಿಯ ಅಂಕಿ ಮಾಸಿಹೋಗಿದೆ.

ಇನ್ನು ತುರ್ತಿನ ವಿಚಾರ. ಮೆಸೇಜುಗಳಿಗೆ ದರ್ಜೆಯುಂಟು: ಸಾಮಾನ್ಯ, ಮುಖ್ಯ, ತುರ್ತು. ಸಾಮಾನ್ಯಕ್ಕೆ ಕೀಂಕ್ ಎಂಬ ಒಂದು ಸದ್ದು, ಮುಖ್ಯಕ್ಕೆ ಒಂದು ರಾಗ. ತುರ್ತಿಗೆ ಮಾತ್ರ ಸೆಟ್ಟು ಸೈಲೆಂಟಿನಲ್ಲಿದ್ದರೂ ಅರಚಿಕೊಂಡು ನಡುಗುತ್ತದೆ, ನೋಡುವವರೆಗೆ ಬಿಡುವುದಿಲ್ಲ. ಮಾಡಿದವರ ಲೆಕ್ಕದಲ್ಲಿ ತುರ್ತು ಅಂದರೆ ಬೆಂಕಿ, ಗ್ಯಾಸ್, ಅಪಘಾತ. ನಮ್ಮ ಜಿಎಂ ಸಾಹೇಬರು ಮೊದಲ ದಿನವೇ ಮೂರೂ ದರ್ಜೆಗಳನ್ನು ಪರೀಕ್ಷಿಸಿ, ಮೂರನೆಯದು ತಮ್ಮ ಹುದ್ದೆಗೆ ಒಪ್ಪುತ್ತದೆಂದು ನಿರ್ಧರಿಸಿದರು. ‘ನನ್ನ ಕನ್ನಡಕ ಕಾನ್ಫರೆನ್ಸ್ ರೂಮಿನಲ್ಲಿದೆಯೇ ನೋಡಿ’ ಎಂಬುದು ಇಡೀ ಕಾರ್ಖಾನೆಯನ್ನು ನಡುಗಿಸಿತು. ಸಾಹೇಬರದ್ದು ತುರ್ತಾದರೆ ಡಿಜಿಎಂರದ್ದು ಕಡಿಮೆಯಾಗುವುದು ಹೇಗೆ? ಎರಡು ವಾರದೊಳಗೆ ರಜಾ ಅರ್ಜಿ, ಸ್ಟೇಪ್ಲರ್ ಪಿನ್ನು, ಟಾಯ್ಲೆಟ್ಟಿನ ಸೋರುವ ನಲ್ಲಿ ಎಲ್ಲವೂ ತುರ್ತಾದವು. ನಾವು ಬೀಪಿಗೆ ಬೆಲೆ ಕೊಡುವುದನ್ನು ಬಿಟ್ಟು, ಕಳಿಸಿದವರ ಹೆಸರಿಗೆ ಬೆಲೆ ಕೊಡತೊಡಗಿದೆವು. ಅಂದರೆ ಸೆಟ್ಟು ಬರುವ ಮೊದಲು ಹೇಗಿದ್ದೆವೋ ಹಾಗೆ.

ಇದಕ್ಕೆ ಅಪವಾದ ಕ್ಯಾಂಟೀನ್. ಅಲ್ಲಿನ ಭಟ್ಟರು ದರ್ಜೆಗಿರ್ಜೆ ತಿಳಿಯದವರು, ಸಾಮಾನ್ಯದಲ್ಲೇ ಕಳಿಸುತ್ತಾರೆ. ಮಧ್ಯಾಹ್ನ ಮೂರೂವರೆಗೆ ಕೀಂಕ್ ಎಂದು ಒಂದೇ ಒಂದು ಸಲ, ಮೆಲ್ಲಗೆ: ‘ಮದ್ದೂರು ವಡೆ.’ ಪ್ರೆಸ್ ಶಾಪಿನ ಧಡಧಡದ ನಡುವೆಯೂ ಆ ಸದ್ದು ಕೇಳದವರಿಲ್ಲ. ಸ್ಕ್ರಾಪ್ ಯಾರ್ಡಿನ ಹಿಂದೆ ಸಿಗ್ನಲ್ಲೇ ಇಲ್ಲದವರಿಗೂ ಅದು ಹೇಗೋ ಮುಟ್ಟುತ್ತದೆ.

ಮೆಸೇಜಿನಂತೆ ಯಂತ್ರಗಳ ಅಲಾರಂ ಕೂಡ ಈ ಸೆಟ್ಟಿಗೇ ಬರುತ್ತದೆ. ಅಲಾರಂ ಬಂದಾಗ ಪರದೆಯ ಕೆಳಗೆ ‘ಅಕ್ಸೆಪ್ಟ್’, ‘ರಿಜೆಕ್ಟ್’ ಎಂದು ಎರಡು ಆಯ್ಕೆ ಮೂಡುತ್ತವೆ. ಒಬ್ಬರು ಅಕ್ಸೆಪ್ಟ್ ಒತ್ತಿದರೆ ಉಳಿದವರ ಸೆಟ್ಟುಗಳು ಸುಮ್ಮನಾಗುತ್ತವೆ. ಆ ಒಬ್ಬರು ಹೊರಟಿದ್ದಾರೆಂದು ಯಂತ್ರದ ನಂಬಿಕೆ. ಎಲ್ಲರೂ ರಿಜೆಕ್ಟ್ ಒತ್ತಿದರೆ ದೂರು ಮೇಲಿನವರಿಗೆ ಏರುತ್ತದೆ. ಬಹಳ ನ್ಯಾಯವಾದ ವ್ಯವಸ್ಥೆ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಎಣ್ಣೆ ಸೋರಿ ಅಲಾರಂ ಹೊಡೆದ ದಿನ, ಬೇರೊಬ್ಬರು ಒತ್ತಲಿ ಎಂದು ಎಲ್ಲರೂ ಸೆಟ್ ಹಿಡಿದು ಕಾದರು. ಕೊನೆಗೆ ಸ್ಟೋರ್ಸ್ ಯಜಮಾನರೇ ತಲೆನೋವು ತಾಳಲಾರದೆ ಅದರ ಬಾಯಿ ಮುಚ್ಚಿಸಲೆಂದು ಅಕ್ಸೆಪ್ಟ್ ಒತ್ತಿ, ಮತ್ತೆ ಲೆಡ್ಜರಿಗೆ ಬಗ್ಗಿದರು. ಕಾರ್ಖಾನೆಯೆಲ್ಲ ನಿಶ್ಶಬ್ದವಾಯಿತು. ಎಣ್ಣೆ ತನ್ನ ಪಾಡಿಗೆ ತಾನು ಬಾಗಿಲವರೆಗೆ ನಡೆದು ಬಂತು.

ಸರ್ಕಾರದ ಅಲಾರಂ ನಮ್ಮದಕ್ಕಿಂತ ಗಟ್ಟಿ ಗಂಟಲಿನದು. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಮೊಬೈಲುಗಳಿಗೆ ತುರ್ತು ಎಚ್ಚರಿಕೆ ಕಳಿಸಿ ಪ್ರಯೋಗ ಮಾಡಿದ್ದು ಓದುಗರಿಗೆ ನೆನಪಿರಬಹುದು. 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ತನ್ನ ಮೊದಲ ಹಳ್ಳಿ ಎಕ್ಸ್‌ಚೇಂಜ್ ಇಟ್ಟ ಸಿ-ಡಾಟ್ ಸಂಸ್ಥೆಯದೇ ತಂತ್ರಜ್ಞಾನ. ಊರಿನವರೆಲ್ಲ ತಂತಮ್ಮ ಜೇಬಿನಲ್ಲಿ ಬೆಚ್ಚಿಬಿದ್ದರೆ, ನಮ್ಮಲ್ಲಿ ಬೆಚ್ಚಿದವರು ಗೇಟಿನ ಸೆಕ್ಯೂರಿಟಿ ತಾತ ಒಬ್ಬರೇ. ಗೂಡಿನೊಳಗಿದ್ದ ಅಷ್ಟೂ ಮೊಬೈಲುಗಳು ಒಟ್ಟಿಗೆ ಅರಚಿದವಂತೆ. ತಾತ ಹೊರಗೆ ಓಡಿ, ಮರದ ಕೆಳಗೆ ನಿಂತು, ಸೆಟ್ಟಿನಲ್ಲಿ ಎಲ್ಲರಿಗೂ ಮೆಸೇಜ್ ಕಳಿಸಿದರು: ‘ಎಲ್ಲಾ ಮೊಬೈಲು ಅಳ್ತಾ ಇವೆ.’ ದರ್ಜೆ, ತುರ್ತು. ಅಂದು ಅದನ್ನು ಯಾರೂ ತೆಗೆದು ನೋಡಲಿಲ್ಲ, ಜಿಎಂ ಸಾಹೇಬರದೇ ಇನ್ನೇನೋ ಇರಬೇಕೆಂದುಕೊಂಡರು.

ಸೆಟ್ಟಿನ ಅತ್ಯಂತ ಜಾಣ ಗುಣ ಇನ್ನೊಂದಿದೆ. ಒಬ್ಬಂಟಿಯಾಗಿ ಕೆಲಸ ಮಾಡುವವರ ರಕ್ಷಣೆಗಾಗಿ ಅದರೊಳಗೆ ಚಲನೆ ಗುರುತಿಸುವ ಪುಟ್ಟ ಸಾಧನವಿರುತ್ತದೆ. ಸೊಂಟದಲ್ಲಿರುವವನು ಅಡ್ಡ ಬಿದ್ದರೆ, ಅಥವಾ ಬಹಳ ಹೊತ್ತು ಅಲುಗಾಡದಿದ್ದರೆ, ಸೆಟ್ಟು ಮೊದಲು ಅವನಿಗೇ ಎಚ್ಚರಿಕೆ ಕೊಡುತ್ತದೆ. ಅವನು ಸುಮ್ಮನಿದ್ದರೆ ಯಾವ ಬೇಸಿನ ಹತ್ತಿರ ಬಿದ್ದಿದ್ದಾನೆಂಬ ಸಮೇತ ಎಲ್ಲರಿಗೂ ಅಲಾರಂ ಹೊಡೆಯುತ್ತದೆ. ಜೀವ ಉಳಿಸುವ ಏರ್ಪಾಡು, ತಮಾಷೆಯಲ್ಲ. ಆದರೆ ಪ್ರಜ್ಞೆ ತಪ್ಪಿದವನಿಗೂ ನಿದ್ದೆ ಹೋದವನಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ರಾತ್ರಿ ಪಾಳಿಯ ಕಾವಲಿನವನಿಗೆ ಇದು ಎಂಥ ಸಂಕಟವೆಂದು ಯೋಚಿಸಿ. ಅವನ ತಾತ ಮುತ್ತಾತಂದಿರು ಕಾವಲು ಕಾಯುತ್ತಲೇ ನಿದ್ದೆ ಮಾಡಿದವರು. ನಮ್ಮವನು ಮೊದಲು ಕೂತು ನಿದ್ರಿಸಲು ನೋಡಿದ, ಅಲುಗಾಟವಿಲ್ಲವೆಂದು ಅರಚಿತು. ನಿಂತು ನೋಡಿದ, ಅದೂ ಫಲಿಸಲಿಲ್ಲ. ಆಮೇಲೆ ಕೆಲವು ತಿಂಗಳು ಅವನ ಸೆಟ್ಟಿನಿಂದ ಒಂದೇ ಒಂದು ಅಲಾರಂ ಬರಲಿಲ್ಲ. ಸೇಫ್ಟಿ ಸಪ್ತಾಹದಲ್ಲಿ ಅವನಿಗೆ ಸ್ಟೀಲಿನ ಟಿಫನ್ ಕ್ಯಾರಿಯರ್ ಬಹುಮಾನ ಬಂತು.

ಒಂದು ರಾತ್ರಿ ಮೂರು ಗಂಟೆಗೆ ಅಲಾರಂ ಹೊಡೆಯಿತು. ಜಾಗ, ಕಂಪ್ರೆಸರ್ ರೂಮ್. ಪಾಳಿಯ ಉಸ್ತುವಾರಿ, ಎಲೆಕ್ಟ್ರಿಷಿಯನ್, ಫಸ್ಟ್ ಏಡಿನವರು ಸ್ಟ್ರೆಚರ್ ಹೊತ್ತು ಓಡಿದರು. ಒಳಗೆ ಮನುಷ್ಯರಿಲ್ಲ. ಕಂಪ್ರೆಸರಿನ ಮೈಗೆ, ಟವೆಲ್ಲಿನಿಂದ ಬಿಗಿಯಾಗಿ, ನೆಟ್ಟಗೆ ನಿಲ್ಲುವ ಹಾಗೆ ಕಟ್ಟಿದ ಸೆಟ್ಟು ಮಾತ್ರ. ರಾತ್ರಿಯಿಡೀ ಗಡಗಡ ನಡುಗುವ ಕಂಪ್ರೆಸರು ಆ ದಿನ ಟ್ರಿಪ್ಪಾಗಿ ನಿಂತುಬಿಟ್ಟಿತ್ತು. ಸೆಟ್ಟಿನ ಒಡೆಯ ಕ್ಯಾಂಟೀನಿನ ಅಕ್ಕಿ ಮೂಟೆಗಳ ಮೇಲೆ ಸಿಕ್ಕಿದ, ಸುಕ್ಷೇಮವಾಗಿ.

ಅವನಿಗೆ ಮೆಮೊ ಕೊಟ್ಟರು. ಆದರೆ ಕಂಪ್ರೆಸರ್ ನಿಂತದ್ದು ಹಿಂದೆಲ್ಲ ಬೆಳಗಿನ ಪಾಳಿಗೆ ಗಾಳಿ ಸಿಗದಿದ್ದಾಗಲೇ ಗೊತ್ತಾಗುತ್ತಿತ್ತು. ಈ ಸಲ ನಿಮಿಷಗಳಲ್ಲಿ ತಿಳಿಯಿತೆಂಬುದನ್ನು ಮೇಂಟೆನೆನ್ಸಿನವರು ಗಮನಿಸಿ, ಸುಧಾರಣೆಯ ಸಲಹೆ ಎಂದು ತಮ್ಮ ಹೆಸರಿನಲ್ಲಿ ಬರೆದುಕೊಟ್ಟರು. ಮಂಜೂರಾಯಿತು. ಈಗ ಕಂಪ್ರೆಸರಿಗೆ ಅಧಿಕೃತವಾಗಿ ಒಂದು ಸೆಟ್ಟು, ಒಂದು ಎಕ್ಸ್‌ಟೆನ್ಷನ್ ನಂಬರು. ಟವೆಲ್ಲಿನ ಬದಲು ತಗಡಿನ ಕ್ಲಾಂಪು. ಎಲ್ಲರಿಗೂ ಹೋಗುವ ಮೆಸೇಜುಗಳು ಅದಕ್ಕೂ ಹೋಗುತ್ತವೆ, ಮದ್ದೂರು ವಡೆಯೂ ಸೇರಿ.

ಮೆಸೇಜುಗಳಿಗೆ ಯಾರು ಉತ್ತರ ಕೊಟ್ಟಿಲ್ಲವೆಂದು ಎಚ್‌ಆರ್ ಮೇಡಂ ತಿಂಗಳಿಗೊಮ್ಮೆ ಕಂಪ್ಯೂಟರಿನಿಂದ ಪಟ್ಟಿ ತೆಗೆಯುತ್ತಾರೆ. ಮೊನ್ನೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಪ್ರೆಸರಿಗೆ, ಎರಡನೆಯದು ಪರ್ಚೇಸಿನವರಿಗೆ. ಪಟ್ಟಿಯಲ್ಲಿ ಕಾಣುವುದು ಬರೀ ಎಕ್ಸ್‌ಟೆನ್ಷನ್ ನಂಬರಾದ್ದರಿಂದ ಇಬ್ಬರಿಗೂ ನೋಟಿಸು ಹೊರಟಿತು, ಮೂರು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಅಟೆಂಡರು ಕಂಪ್ರೆಸರ್ ರೂಮಿಗೆ ಹೋಗಿ, ಸಹಿ ಹಾಕಿ ಪಡೆಯುವವರು ಯಾರೂ ಸಿಗದೆ, ಬಾಗಿಲಿಗೆ ಅಂಟಿಸಿ ಬಂದ. ಪರ್ಚೇಸಿನವರು ಮಾತ್ರ ತಮ್ಮ ನೋಟಿಸನ್ನು ಕೈಯಲ್ಲಿ ಹಿಡಿದು ಮೇಡಂ ಬಳಿಗೇ ಬಂದರು.

"ನಾನು ಎರಡನೆಯವನು ಮೇಡಂ. ಮೊದಲನೆಯವನು ಉತ್ತರ ಕೊಡ್ಲಿ, ಆಮೇಲೆ ನಾನು ಕೊಡ್ತೀನಿ."