ಥರ್ಡ್ ಅಂಪೈರ್ ಇಲ್ಲದ ಜ್ವರ

ದಾವಣಗೆರೆಯಲ್ಲಿ ಎಲ್‌ಬಿಡಬ್ಲ್ಯು ಬಗ್ಗೆ ಬಾಯಿಗೆ ಬಂದಂತೆ ಮಾತಾಡುವಂತಿಲ್ಲ. ಹೈಸ್ಕೂಲ್ ಮೈದಾನದ ಆಸುಪಾಸಿನ ಯಾವುದಾದರೂ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಬೆಂಚಿನ ಮೇಲೆ ಕೂತು, ‘ಅದು ಔಟ್ ಇತ್ತು ಬಿಡ್ರಪ್ಪ’ ಅಂದು ನೋಡಿ. ಚೆಂಡು ಎಲ್ಲಿ ಬಿತ್ತು, ಪ್ಯಾಡಿನ ಯಾವ ಭಾಗಕ್ಕೆ ಬಡಿಯಿತು, ಬ್ಯಾಟು ಮೊದಲೋ ಪ್ಯಾಡು ಮೊದಲೋ, ಅಲ್ಟ್ರಾಎಜ್‌ನಲ್ಲಿ ಗೆರೆ ಎದ್ದಿತ್ತೋ ಇಲ್ಲವೋ, ಇಷ್ಟಕ್ಕೂ ಲೆಕ್ಕ ಒಪ್ಪಿಸದೆ ಎದ್ದು ಬರಲು ಬಿಡುವುದಿಲ್ಲ. 2013ರ ಏಪ್ರಿಲ್ 23ರಂದು ಆರ್‌ಸಿಬಿ 263 ಬಾರಿಸಿದ್ದು, 2017ರಲ್ಲಿ ಅದೇ ಏಪ್ರಿಲ್ 23ರಂದು 49ಕ್ಕೆ ಗಂಟುಮೂಟೆ ಕಟ್ಟಿದ್ದು, ಗೇಲ್ ಆ 175ಕ್ಕೆ ತೆಗೆದುಕೊಂಡದ್ದು 66 ಎಸೆತ ಎಂಬುದು, ಎಲ್ಲವೂ ಇಲ್ಲಿನವರಿಗೆ ಸ್ವಂತ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ಹೇಳಿಕೇಳಿ ವಿನಯ್ ಕುಮಾರ್ ಊರು. ಅಂದಾಜಿನ ಮೇಲೆ ಮಾತಾಡುವವನಿಗೆ ಇಲ್ಲಿ ಮಿರ್ಚಿಯ ತೊಟ್ಟೂ ಸಿಗುವುದಿಲ್ಲ.

ಇಂಥ ಕಟ್ಟುನಿಟ್ಟಿನ ಬೆಂಚಿಗೆ 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕೂತಿತು. ಪುರಾವೆ ಕೇಳುವವರೆಲ್ಲ ಅಂದಿನಿಂದ ರಜೆ ಹಾಕಿದರು.

ದೇಶದ ಮೊದಲ ಕೊರೊನಾ ಸಾವು ಆಗಿದ್ದು ಮಾರ್ಚ್ 10ಕ್ಕೆ, ನಮ್ಮದೇ ಕಲಬುರಗಿಯವರದು. ಬೆಂಚಿನ ಚಿಂತೆ ಬೇರೆ ಇತ್ತು. 29ಕ್ಕೆ ಐಪಿಎಲ್ ಶುರುವಾಗಬೇಕು, ಆಗುತ್ತದೋ ಇಲ್ಲವೋ? 13ರಂದು ಬಿಸಿಸಿಐ ಪಂದ್ಯಾವಳಿಯನ್ನು ಏಪ್ರಿಲ್ 15ರವರೆಗೆ ಮುಂದೂಡಿದಾಗ ಬೆಂಚು ತೀರ್ಪು ಕೊಟ್ಟಿತು: ‘ಈ ಸಲ ಕಪ್ ನಮ್ದೇ ಅಂತ ಗೊತ್ತಾಗ್ಯೈತಿ, ಅದಕ್ಕೇ ನಿಲ್ಸ್ಯಾರ.’ ವುಹಾನ್‌ನಿಂದ ಹೊರಟ ವೈರಸ್ಸು ಕೊಹ್ಲಿಯನ್ನು ತಡೆಯಲೆಂದೇ ಇಷ್ಟು ದೂರ ಬಂದಿದೆ ಎಂಬ ಈ ಸಿದ್ಧಾಂತಕ್ಕೆ ಯಾರೂ ರಿವ್ಯೂ ಕೇಳಲಿಲ್ಲ.

ಆಮೇಲೆ ಬಿಸಿಲಿನ ಸಿದ್ಧಾಂತ. ‘ನಮ್ಮೂರ ಬಿಸಿಲಿಗೆ ನಾವೇ ಸಾಯ್ತೀವಿ, ಆ ಹುಳ ಎಲ್ಲಿ ಉಳೀತೈತಿ ಬಿಡಲೇ.’ ಕೇಳಲು ಹಿತವಾಗಿತ್ತು. ಮನುಷ್ಯನ ಮೈಯೊಳಗಿನ ಶಾಖವೇ 37 ಡಿಗ್ರಿ, ಆ ಹುಳ ಸಂಸಾರ ಹೂಡುವುದೇ ಅಲ್ಲಿ, ಅದಕ್ಕೆ ದಾವಣಗೆರೆಯ ಏಪ್ರಿಲ್ ತೋರಿಸಿ ಹೆದರಿಸುವುದು ಹೇಗೆ ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ‘ಭಾಳ ಓದೀಯ ಬಿಡಪ್ಪ’ ಎಂದು ಅವನ ಬಾಯಿ ಮುಚ್ಚಿಸಿದರು. ಜನತಾ ಕರ್ಫ್ಯೂ 14 ಗಂಟೆ, ವೈರಸ್ಸಿನ ಆಯುಸ್ಸು 12 ಗಂಟೆ, ಹಾಗಾಗಿ ಮಾರ್ಚ್ 22ರ ರಾತ್ರಿಗೇ ಅದರ ತಿಥಿ ಎಂಬ ವಾಟ್ಸಾಪ್ ಲೆಕ್ಕ ಬಂದಾಗಲಂತೂ ಡಕ್‌ವರ್ತ್-ಲೂಯಿಸ್ ನಿಯಮವನ್ನೇ ಬಾಯಲ್ಲಿ ಬಿಡಿಸಬಲ್ಲ ಗಣಿತಜ್ಞರೂ ತಲೆದೂಗಿದರು. ಆ ಹನ್ನೆರಡು ಗಂಟೆ ಅಳೆದವರಾರು ಎಂದು ಕೇಳಿದವರಿಲ್ಲ.

ಇವರು ದಡ್ಡರಲ್ಲ ಎಂಬುದನ್ನು ಗಮನಿಸಬೇಕು. ದಡ್ಡತನವಾಗಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ, ದಡ್ಡತನಕ್ಕೆ ವಿನಾಯಿತಿ ಇದೆ. ಕೊಹ್ಲಿ ಒಂದು ದಿನ ಸೊನ್ನೆಗೆ ಔಟಾದರೆ ಇದೇ ಬೆಂಚು, ‘ಒಂದು ಮ್ಯಾಚ್ ನೋಡಿ ಆಟಗಾರನ್ನ ಅಳೀಬಾರ್ದು, ಸರಾಸರಿ ನೋಡಬೇಕು’ ಎಂದು ಸಂಖ್ಯಾಶಾಸ್ತ್ರದ ಪಾಠ ಮಾಡುತ್ತದೆ. ಪಾಠ ನೂರಕ್ಕೆ ನೂರು ಸರಿ. ಆದರೆ ‘ನಮ್ಮ ಸೋದರಮಾವ ಲಸಿಕೆ ಹಾಕಿಸ್ಕೊಂಡ, ಮಾರನೇ ದಿನ ಜ್ವರ ಬಂತು’ ಎಂದು ಯಾರೋ ಅಂದೊಡನೆ ಸರಾಸರಿ ಸತ್ತುಹೋಗುತ್ತದೆ. ಸೋದರಮಾವ ಒಬ್ಬನೇ ಇಡೀ ಸೀಸನ್ ಆಡಿದ ಹಾಗೆ.

2020ರ ಏಪ್ರಿಲ್ ಕೊನೆಗೆ ಜಿಲ್ಲೆ ಹಸಿರು ವಲಯವಾಯಿತು. ಮೊದಲು ಬಂದಿದ್ದ ಬೆರಳೆಣಿಕೆಯ ರೋಗಿಗಳು ಗುಣವಾಗಿ ಮನೆಗೆ ಹೋಗಿದ್ದರು. ಕೆಂಪು, ಕಿತ್ತಳೆ, ಹಸಿರು ಎಂದು ಜಿಲ್ಲೆಗಳ ಪಟ್ಟಿ ಬಂದದ್ದೇ ತಡ, ನಮ್ಮವರು ಅದನ್ನು ಪಾಯಿಂಟ್ಸ್ ಟೇಬಲ್ ಮಾಡಿಕೊಂಡರು. ಬೆಂಗಳೂರು, ಮೈಸೂರು ಕೆಳಗೆ, ನಾವು ಮೇಲೆ. ಪ್ಲೇ ಆಫ್ ಖಚಿತ! ಪಟ್ಟಿ ಹೇಳುವುದು ಕಳೆದ ವಾರಗಳ ಕಥೆ, ಸೋಂಕು ತಗಲಿ ಲಕ್ಷಣ ಕಾಣಲು 14 ದಿನದವರೆಗೂ ಹಿಡಿಯಬಹುದು ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ಏಪ್ರಿಲ್ 29ಕ್ಕೆ ಬಾಷಾ ನಗರದಲ್ಲಿ ಹೊಸ ಪ್ರಕರಣ, ಹಿಂದೆಯೇ ಜಾಲಿ ನಗರ. ಮೇ ಮೊದಲ ವಾರದಲ್ಲಿ ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು. ಹಸಿರು ಜೆರ್ಸಿ ತೊಟ್ಟರೆ ಆರ್‌ಸಿಬಿಗೆ ಆಗಿಬರುವುದಿಲ್ಲ ಎಂದು ನಂಬಿದವರು ಈಗ ಹಸಿರು ವಲಯವನ್ನೂ ಅದೇ ಖಾತೆಗೆ ಬರೆದರು.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬ್ಯಾರಿಕೇಡ್ ಬಿದ್ದ ಓಣಿ ‘ಅವರ ಟೀಮ್’ ಆಯಿತು, ಬೀಳದ ಓಣಿ ‘ನಮ್ಮ ಟೀಮ್’. ವೈರಸ್ಸಿಗೆ ಜಾತಿ-ಧರ್ಮದ ಜೆರ್ಸಿ ತೊಡಿಸುವ ಈ ಕೆಲಸಕ್ಕೆ ಮಾತ್ರ ಯಾವ ಲಾಕ್‌ಡೌನೂ ಅನ್ವಯಿಸಲಿಲ್ಲ. ಆ ಕಡೆಯ ಮಂಡಕ್ಕಿ ಭಟ್ಟಿಗಳಿಂದಲೇ ಬರುವ ಮಂಡಕ್ಕಿ ತಿಂದು ಬೆಳೆದ ಬಾಯಿಗಳು, ಆ ಕಡೆಯವರ ಹತ್ತಿರ ಏನೂ ಕೊಳ್ಳಬೇಡಿ ಎಂದು ಹೇಳಿಕೊಂಡು ತಿರುಗಿದವು.

ಇನ್ನು ತಂಡ-ತಂಡದ ಜಗಳ. ಆಗಸ್ಟ್‌ನಲ್ಲಿ ದುಬೈಗೆ ಹೋದ ಚೆನ್ನೈ ಪಾಳಯದಲ್ಲಿ ಸೋಂಕು ಹೊಕ್ಕಿತು. ಇಬ್ಬರು ಆಟಗಾರರೂ ಸೇರಿ 13 ಜನ ಪಾಸಿಟಿವ್ ಎಂದು ಬಿಸಿಸಿಐ ಪ್ರಕಟಿಸಿತು. ಅಲ್ಲಿಯವರೆಗೆ ಕೊರೊನಾ ಬರೀ ಸುಳ್ಳು ಎನ್ನುತ್ತಿದ್ದ ಆರ್‌ಸಿಬಿ ಅಭಿಮಾನಿಗೆ ಅಂದು ರಾತ್ರಿಯೇ ಜ್ಞಾನೋದಯವಾಯಿತು. ರೋಗ ನಿಜ, ಆದರೆ ಹಳದಿ ಅಂಗಿಯವರಿಗೆ ಮಾತ್ರ ಬರುತ್ತದೆ. 2021ರ ಮಾರ್ಚ್ 22ರಂದು ನಮ್ಮ ದೇವದತ್ತ ಪಡಿಕ್ಕಲ್ ಪಾಸಿಟಿವ್ ಆದಾಗ ಧೋನಿ ಭಕ್ತರು ಬಡ್ಡಿ ಸಮೇತ ಸಾಲ ತೀರಿಸಿದರು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 22ರಂದು, ಪಡಿಕ್ಕಲ್ ರಾಜಸ್ಥಾನದ ವಿರುದ್ಧ 52 ಎಸೆತದಲ್ಲಿ ಅಜೇಯ 101 ಹೊಡೆದ. ಬೆಂಚು ಎದ್ದು ನಿಂತಿತು. ‘ನೋಡ್ರಲೇ, ಇದು ಬರೀ ನೆಗಡಿ ಅಂತ ಮೊದ್ಲೇ ಹೇಳಿರಲಿಲ್ವಾ?’ ಇಪ್ಪತ್ತರ ಪ್ರಾಯದ ಕ್ರೀಡಾಪಟುವಿನ ಪುಪ್ಪುಸವನ್ನು ಬೆಂಚಿನ ಮೇಲಿದ್ದ ಐವತ್ತರ ಹೊಟ್ಟೆ, ಸಕ್ಕರೆ ಕಾಯಿಲೆ, ದಿನಕ್ಕೊಂದು ಪ್ಯಾಕ್ ಸಿಗರೇಟು ಎಲ್ಲವೂ ತಮ್ಮದೆಂದೇ ಭಾವಿಸಿದವು. ಅಂದು ಬೆಳಿಗ್ಗೆ ಬಂದಿದ್ದ ಲೆಕ್ಕದ ಪ್ರಕಾರ ದೇಶದಲ್ಲಿ ಒಂದೇ ದಿನ 3.14 ಲಕ್ಷ ಹೊಸ ಪ್ರಕರಣ. ಆ ಸ್ಕೋರನ್ನು ಯಾರೂ ಓದಲಿಲ್ಲ.

ಸ್ಕೋರ್ ಅಂದ ಮೇಲೆ ಇದೊಂದು ಪ್ರಸಂಗ ಹೇಳಲೇಬೇಕು. ಆ ಬೇಸಿಗೆಯಲ್ಲಿ ಊರ ತುಂಬ ಎರಡು ಅಂಕಿ ಓಡಾಡುತ್ತಿದ್ದವು. ಒಂದು, ಎದೆಯ ಸ್ಕ್ಯಾನ್ ಮಾಡಿ 25ಕ್ಕೆ ಇಷ್ಟು ಎಂದು ಕೊಡುತ್ತಿದ್ದ ಸಿಟಿ ಸ್ಕೋರ್. ಅದು ಹೆಚ್ಚಾದಷ್ಟೂ ಕೇಡು. ಇನ್ನೊಂದು, ಗಂಟಲ ದ್ರವದ ಪರೀಕ್ಷೆಯಲ್ಲಿ ಬರುತ್ತಿದ್ದ ಸಿಟಿ ವ್ಯಾಲ್ಯೂ. ಅದು ಕಡಿಮೆಯಾದಷ್ಟೂ ವೈರಸ್ಸು ಜಾಸ್ತಿ. ಎರಡಕ್ಕೂ ಒಂದೇ ಹೆಸರು ಅಂಟಿಸಿಕೊಂಡ ಇಬ್ಬರು, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಹರಟುತ್ತಿದ್ದರು.

‘ನಂದು ಎಂಟು ಬಂತಣ್ಣ ಇಪ್ಪತ್ತೈದಕ್ಕೆ.’

‘ನಂದು ಇಪ್ಪತ್ತೆಂಟು.’

‘ಇಪ್ಪತ್ತೈದಕ್ಕೆ ಇಪ್ಪತ್ತೆಂಟು ಹೆಂಗೆ ಬರ್ತೈತಿ?’

‘ಎಕ್ಸ್‌ಟ್ರಾಸ್ ಸೇರಿಸಿರ್ತಾರೆ.’

ಮೂರನೆಯವನು ತಲೆಯಾಡಿಸಿ ಒಪ್ಪಿದ. ರನ್‌ರೇಟಿನಲ್ಲಿ ಎರಡನೇ ದಶಮಾಂಶ ತಪ್ಪಿದರೆ ಕಾಲರ್ ಹಿಡಿಯುವವನು ಇವನೇ.

ಇಷ್ಟೆಲ್ಲ ಆದ ಮೇಲೆ ರಾಜಿ ಪಂಚಾಯ್ತಿ ಮಾಡುವವರೊಬ್ಬರು ಹುಟ್ಟಲೇಬೇಕಲ್ಲ. ಅವರು ಸಿಕ್ಕಿದ್ದು ಹರಿಹರದಲ್ಲಿ. ಊರೇ ಅಂಥದ್ದು. ಹೊಯ್ಸಳರ ಕಾಲದ ಗುಡಿಯಲ್ಲಿ ಒಂದೇ ಮೈಗೆ ಅರ್ಧ ಹರಿ, ಅರ್ಧ ಹರ. ‘ನೋಡ್ರಿ, ಇವರು ಹೇಳೋದ್ರಾಗೂ ಸತ್ಯ ಐತಿ, ಅವರು ಹೇಳೋದ್ರಾಗೂ ಐತಿ. ಅರ್ಧ ಡಾಕ್ಟ್ರದ್ದು, ಅರ್ಧ ನಮ್ಮ ನಂಬಿಕೆದು. ಇಬ್ರೂ ಸರಿ, ಜಗಳ ಯಾಕೆ?’ ಎಂದು ಅವರು ತೀರ್ಪು ಕೊಟ್ಟರು. ಬೆಂಚಿಗೆ ಬಹಳ ಹಿಡಿಸಿತು. ಆರ್‌ಸಿಬಿಯವನೊಬ್ಬ ಇನ್ನೂ ಮುಂದೆ ಹೋದ: ‘ಕರೆಕ್ಟ್ ಯಜಮಾನ್ರೇ, ಕ್ರಿಕೆಟ್‌ನಾಗೂ ಅಂಪೈರ್ಸ್ ಕಾಲ್ ಅಂತ ಐತಲ್ಲ. ಅದೂ ಹಂಗೇ, ಅವರವರ ನಂಬಿಕೆ.’

ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಜೀವನ ಸವೆಸಿ, ಕಾರ್ಖಾನೆ ಮುಚ್ಚಿದ ಮೇಲೆ ಮನೆ ಸೇರಿದ ಹಿರಿಯರೊಬ್ಬರು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಅಂದರು: ‘ತಮ್ಮಾ, ಚೆಂಡು ಮುಂದೆ ಎಲ್ಲಿ ಹೋಗ್ತಿತ್ತು ಅಂತ ಮಿಷನ್ನು ಅಂದಾಜು ಮಾಡ್ತೈತಿ. ಅಂದಾಜಿನಾಗೆ ಕೂದಲೆಳೆ ಆಕಡೆ ಈಕಡೆ ಆಗಬಹುದು. ಅದಕ್ಕೇ ಅರ್ಧ ಚೆಂಡಿಗಿಂತ ಕಮ್ಮಿ ತಾಗೋದಾದ್ರೆ ಮೊದ್ಲು ಕೊಟ್ಟ ತೀರ್ಪನ್ನ ಹಂಗೇ ಬಿಡ್ತಾರೆ. ನಮ್ಮ ಡ್ರಾಯಿಂಗ್‌ನಾಗೂ ಪ್ಲಸ್ಸು ಮೈನಸ್ಸು ಇರ್ತಿತ್ತು. ಆದ್ರೆ ಎಷ್ಟು ಅಂತ ಬರೆದಿರ್ತಿದ್ರು. ನಾನು ಶಾಫ್ಟನ್ನ ಒಂದಿಂಚು ಕಮ್ಮಿ ಕೊರೆದು, ಇದು ನನ್ನ ನಂಬಿಕೆ ಸಾಹೇಬ್ರೇ ಅಂದಿದ್ರೆ ಗೇಟಿನ ಹೊರಗೆ ನಿಲ್ಲಿಸ್ತಿದ್ರು.’ ಎರಡು ನಿಮಿಷ ಬೆಂಚು ಮೌನವಾಗಿತ್ತು. ಆಮೇಲೆ ಯಾರೋ, ‘ಕಾರ್ಖಾನೆ ಮುಚ್ಚಿದ್ದು ಅದಕ್ಕೇ ಇರಬೇಕು’ ಅಂದರು. ಎಲ್ಲರೂ ನಕ್ಕರು, ಮಾತು ಮುಂದಕ್ಕೆ ಹೋಯಿತು.

ಪುರಾವೆ ಕೇಳದೆ ನಂಬುವ ಈ ರೋಗ ನಮ್ಮಲ್ಲೇ ಹುಟ್ಟಿದ್ದೆಂದು ಯಾರೂ ಹೆಮ್ಮೆಪಡಬೇಕಿಲ್ಲ. 2020ರ ಫೆಬ್ರುವರಿ 19ರಂದು ಇಟಲಿಯ ಬೆರ್ಗಮೊ ಊರಿನ ಅಟಲಾಂಟಾ ತಂಡ ಮಿಲಾನ್‌ನಲ್ಲಿ ವೆಲೆನ್ಸಿಯಾವನ್ನು 4-1ರಿಂದ ಸೋಲಿಸಿತು. ನಲವತ್ತು ಸಾವಿರಕ್ಕೂ ಹೆಚ್ಚು ಜನ ತಬ್ಬಿಕೊಂಡು ಕುಣಿದರು. ಮುಂದಿನ ತಿಂಗಳು ಬೆರ್ಗಮೊದಿಂದ ಶವಗಳನ್ನು ಮಿಲಿಟರಿ ಲಾರಿಗಳಲ್ಲಿ ಸಾಗಿಸಬೇಕಾಯಿತು. ಟೆನಿಸ್‌ನ ನಂಬರ್ ಒನ್ ಜೊಕೊವಿಚ್ ಜೂನ್‌ನಲ್ಲಿ ತಾನೇ ಮುಂದೆ ನಿಂತು ಪಂದ್ಯಾವಳಿ ನಡೆಸಿ, ತನಗೂ ಮೂವರು ಸಹ ಆಟಗಾರರಿಗೂ ಸೋಂಕು ಸಂಪಾದಿಸಿಕೊಟ್ಟ. ನಂಬಿಕೆಗೆ ರ‍್ಯಾಂಕಿಂಗ್ ನೋಡುವ ಅಭ್ಯಾಸವಿಲ್ಲ.

ಆಳುವವರೂ ಇದೇ ಬೆಂಚಿನವರೇ. 2021ರ ಮೇ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ-ಕೋಲ್ಕತ್ತ ಪಂದ್ಯ ನಡೆಯಬೇಕಿತ್ತು. ಕೋಲ್ಕತ್ತದ ಇಬ್ಬರಿಗೆ ಸೋಂಕು ತಗಲಿ ನಿಂತಿತು, ಮರುದಿನ ಇಡೀ ಐಪಿಎಲ್ ನಿಂತಿತು. ನಮ್ಮ ಬೆಂಚು ಅದಕ್ಕಾಗಿ ಕಣ್ಣೀರು ಹಾಕುತ್ತಿದ್ದ ಹೊತ್ತಿನಲ್ಲೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಿಂದ 24 ಸಾವಿನ ಸುದ್ದಿ ಬಂತು. ಆಮ್ಲಜನಕ ಇಲ್ಲದೆ ಸತ್ತವರು ಮೂರೇ ಜನ ಎಂದರು ಆರೋಗ್ಯ ಸಚಿವರು. 36 ಎಂದಿತು ಆಮೇಲೆ ತನಿಖೆ ಮಾಡಿದ ಸಮಿತಿ. ಮೂರಕ್ಕೂ ಮೂವತ್ತಾರಕ್ಕೂ ನಡುವೆ ಯಾವ ಅಂಪೈರ್ಸ್ ಕಾಲ್ ಇದೆಯೋ ನಾನು ಕಾಣೆ. 2022ರ ಜನವರಿಯಲ್ಲಿ, ಮೂರನೇ ಅಲೆ ಏರುತ್ತಿದ್ದಾಗ, ವಾರಾಂತ್ಯದ ಕರ್ಫ್ಯೂ ಇದ್ದ ದಿನಗಳಲ್ಲೇ ನಮ್ಮ ಹೊನ್ನಾಳಿ ತಾಲ್ಲೂಕಿನಲ್ಲಿ ಆಳುವ ಪಕ್ಷದವರೂ ಸೇರಿದ್ದ ಹೋರಿ ಬೆದರಿಸುವ ಸ್ಪರ್ಧೆಯ ಜನಜಂಗುಳಿ. ಆ ಕಡೆ ವಿರೋಧ ಪಕ್ಷದ ಮೇಕೆದಾಟು ಪಾದಯಾತ್ರೆ. ಹೋರಿ ಓಡಿಸಿದವರು ಪಾದಯಾತ್ರೆಯಿಂದ ರೋಗ ಹರಡುತ್ತದೆ ಎಂದರು, ನಡೆದವರು ಹೋರಿಯಿಂದ ಎಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಎರಡೂ ಪಕ್ಷ ಹೇಳಿದ್ದು ನಿಜವಾಗಿತ್ತು.

ಬೆಂಚಿನ ವಿದ್ವತ್ತು ಶಿಖರ ಮುಟ್ಟಿದ್ದು ಎಂಜಲಿನ ವಿಷಯದಲ್ಲಿ. ಚೆಂಡಿಗೆ ಎಂಜಲು ಹಚ್ಚಬಾರದು ಎಂದು ಐಸಿಸಿ 2020ರ ಜೂನ್‌ನಲ್ಲಿ ನಿಯಮ ತಂದಿತು. ಎರಡು ಎಚ್ಚರಿಕೆ, ಮೂರನೇ ಸಲ ಎದುರಾಳಿಗೆ ಐದು ರನ್. ಬೆವರಿಗೆ ಎಂಜಲಿನ ಹೊಳಪು ಬರುತ್ತದೋ, ರಿವರ್ಸ್ ಸ್ವಿಂಗಿನ ಗತಿ ಏನು, ಬೌಲರನ ಹೊಟ್ಟೆಯ ಮೇಲೆ ಹೊಡೆದರಲ್ಲ ಎಂದು ಸಂಜೆಗಟ್ಟಲೆ ಚರ್ಚೆ ನಡೆಯಿತು. ಸಾರ್ವಜನಿಕ ಸ್ಥಳದಲ್ಲಿ ಉಗುಳಿದರೆ ದಂಡ ಎಂದು ಕೇಂದ್ರ ಸರ್ಕಾರ ಅದೇ ವರ್ಷ ಏಪ್ರಿಲ್‌ನಲ್ಲೇ ಹೇಳಿತ್ತು. ಬೆಂಚಿನ ವಾಗ್ಮಿಯೊಬ್ಬ ಚರ್ಚೆಯ ನಡುವೆ ಒಮ್ಮೆ ಪಕ್ಕಕ್ಕೆ ವಾಲಿ, ಗುಟ್ಕಾ ತುಂಬಿದ ಬಾಯಿಯಿಂದ ಗೋಡೆಗೆ ಒಂದು ಉದ್ದನೆಯ ಕೆಂಪು ಇನ್‌ಸ್ವಿಂಗರ್ ಹಾಕಿ, ವಿಷಯಕ್ಕೆ ಮರಳಿದ. ಎಚ್ಚರಿಕೆಯೂ ಇಲ್ಲ, ಐದು ರನ್ನೂ ಇಲ್ಲ.

ಈಗ ಬೆಂಚಿನವರಿಗೆ ಹೊಸ ಬಲ ಬಂದಿದೆ. 2025ರ ಜೂನ್ 3ರಂದು ಕಪ್ ನಿಜಕ್ಕೂ ನಮ್ಮದಾಯಿತು. ‘ನಂಬಿಕೆ ಇದ್ರೆ ಆಗೇ ಆಗ್ತೈತಿ ಅಂತ ಅವತ್ತೇ ಹೇಳಿರಲಿಲ್ವಾ? ಕೊರೊನಾ ವಿಷಯದಾಗೂ ಹಂಗೇ’ ಎಂದು ಎದೆ ಸೆಟೆಸಿ ಕೇಳುತ್ತಾರೆ. ಸಂತೋಷ, ನಾನೂ ಆ ರಾತ್ರಿ ಕೂಗಿದವನೇ. ಹಿಂದಿನ ಹದಿನೇಳು ಆವೃತ್ತಿಗಳಲ್ಲೂ ಇವರ ನಂಬಿಕೆ ಇಷ್ಟೇ ಗಟ್ಟಿಯಾಗಿತ್ತು ಎಂಬುದನ್ನು ಮಾತ್ರ ನೆನಪಿಸಬೇಕು. ಆ ಫೈನಲ್‌ನಲ್ಲಿ ಆರ್‌ಸಿಬಿ 190 ಹೊಡೆಯಿತು, ಪಂಜಾಬ್ 184ಕ್ಕೆ ನಿಂತಿತು. ಪಂದ್ಯಶ್ರೇಷ್ಠ ಪ್ರಶಸ್ತಿಯನ್ನು ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯಗೆ ಕೊಟ್ಟರು.