ಗದ್ದ ಗಟ್ಟಿಯಿದ್ದವರು

ಜೀವಮಾನದಲ್ಲಿ ಒಂದು ಗುದ್ದೂ ತಿನ್ನದವರೇ ಗುದ್ದು ತಿಂದವರ ಗಟ್ಟಿತನದ ಬಗ್ಗೆ ಗಟ್ಟಿಯಾಗಿ ಮಾತಾಡುವುದು. ಆ ಪಂಗಡದ ಕಾಯಂ ಸದಸ್ಯ ನಾನು. ನನ್ನ ಗದ್ದಕ್ಕೆ ಇದುವರೆಗೆ ತಾಗಿದ ಅತಿ ಅಪಾಯದ ವಸ್ತುವೆಂದರೆ ಕ್ಷೌರದ ಕತ್ತಿ. ಅದೂ ಅದನ್ನು ಹಿಡಿದಾತ ರಾಜಕೀಯ ಮಾತಾಡುವಾಗ ಮಾತ್ರ. ಆದರೂ ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತೆನೆಂದರೆ, ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರಲ್ಲಿ ಯಾರು ಗಟ್ಟಿ, ಯಾರು ಟೊಳ್ಳು ಎಂದು ಕತ್ತಲಾಗುವ ತನಕ ತೀರ್ಪು ಕೊಡುತ್ತಿರಬಲ್ಲೆ. ಬೆಂಚಿನ ಇನ್ನೊಂದು ತುದಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಕೂರುತ್ತಾರೆ. ಅವರಿಗೆ ಎಲ್ಲದಕ್ಕೂ ಸೂತ್ರ ಬೇಕು.

ಒಂದು ದಿನ ಅವರು ಊರುಗೋಲಿನಿಂದ ಮಣ್ಣಿನ ಮೇಲೆ ಬರೆದೇಬಿಟ್ಟರು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಜೋ ಫ್ರೇಜಿಯರ್ 15 ರೌಂಡ್ ಕಾದಾಡಿ ಮಹಮ್ಮದ್ ಅಲಿಯನ್ನು ಸೋಲಿಸಿದ. ಕೊನೆಯ ರೌಂಡಿನಲ್ಲಂತೂ ಎಡಗೈಯ ಒಂದೇ ಹುಕ್‌ನಿಂದ ಅವನನ್ನು ಅಂಗಾತ ಕೆಡವಿದ. ಆದ್ದರಿಂದ ಫ್ರೇಜಿಯರ್ ಅಲಿಗಿಂತ ಗಟ್ಟಿ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡು ರೌಂಡ್ ಮುಗಿಯುವುದರೊಳಗೆ ಆರು ಸಲ ನೆಲಕ್ಕೆ ಕೆಡವಿದ. ಆದ್ದರಿಂದ ಫೋರ್‌ಮನ್ ಇಬ್ಬರಿಗಿಂತಲೂ ಗಟ್ಟಿ. ಇಲ್ಲಿಯವರೆಗೆ ಮೇಷ್ಟ್ರು ಮಂದಹಾಸ ಬೀರುತ್ತಿದ್ದರು. ಆದರೆ 1974ರ ಅಕ್ಟೋಬರ್ 30ರಂದು ಜೈರ್ ದೇಶದ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ನಿಂತು, ಫೋರ್‌ಮನ್ ಹೊಡೆದದ್ದನ್ನೆಲ್ಲ ಮೈಮೇಲೆ ತೆಗೆದುಕೊಂಡು, ಎಂಟನೆಯ ರೌಂಡಿನಲ್ಲಿ ಸುಸ್ತಾದ ಅವನನ್ನು ಮಲಗಿಸಿಬಿಟ್ಟ. ಸಾಲದೆಂಬಂತೆ ನಡುವೆ ಕೆನ್ ನಾರ್ಟನ್ ಎಂಬವನೊಬ್ಬ ನುಗ್ಗುತ್ತಾನೆ. 1973ರಲ್ಲಿ ಅಲಿಯ ದವಡೆ ಮುರಿದು ಗೆದ್ದವನು ಅವನು. ಮರುವರ್ಷ ಫೋರ್‌ಮನ್ ಮುಂದೆ ಎರಡೇ ರೌಂಡಿನಲ್ಲಿ ಪುಡಿಯಾದ. “ಸರಳರೇಖೆ ಎಂದುಕೊಂಡು ಎಳೆದೆ ಕಣಯ್ಯ, ವೃತ್ತವಾಗಿ ಕೂತಿತಲ್ಲ” ಎಂದು ಮೇಷ್ಟ್ರು ಬರೆದದ್ದನ್ನು ಚಪ್ಪಲಿಯಿಂದ ಅಳಿಸಿದರು.

ನನ್ನ ತಕರಾರು ಬೇರೆ. ದವಡೆ ಮುರಿಸಿಕೊಂಡು ಸೋತ ಅಲಿ, ಆ ಮುರಿದ ದವಡೆಯಲ್ಲೇ 12ನೆಯ ರೌಂಡಿನ ಗಂಟೆ ಬಾರಿಸುವ ತನಕ ನಿಂತಿದ್ದ. ಇದನ್ನು ಯಾವ ಕಾಲಂನಲ್ಲಿ ಬರೆಯಬೇಕು ಮೇಷ್ಟ್ರೇ?

ಮೇಷ್ಟ್ರ ಪ್ರಯತ್ನವನ್ನು ಕಂಡು ನಗುವಂತಿಲ್ಲ. ಅಮೆರಿಕದ ಮರ್ರಿ ವೊರೋನರ್ ಇದೇ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದ. ಬೇರೆ ಬೇರೆ ಕಾಲದ ಚಾಂಪಿಯನ್ನರ ಬಲಾಬಲವನ್ನೆಲ್ಲ ಯಂತ್ರಕ್ಕೆ ತಿನ್ನಿಸಿ, ಅದು ಉಗುಳಿದ ಫಲಿತಾಂಶವನ್ನು ರೇಡಿಯೋದಲ್ಲಿ ವೀಕ್ಷಕ ವಿವರಣೆಯಂತೆ ಬಿತ್ತರಿಸಿದ. ಅದರಲ್ಲಿ ಅಲಿ ಶತಮಾನದ ಆರಂಭದ ಜಿಮ್ ಜೆಫ್ರೀಸ್ ಎದುರು ಸೋತ. ತಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ನಿವೃತ್ತನಾದವನ ಕೈಯಲ್ಲಿ ಪೆಟ್ಟು ತಿಂದ ಅಲಿ ಸುಮ್ಮನಿರುತ್ತಾನೆಯೇ? ಕೋರ್ಟಿಗೆ ಹೋದ. ಕೊನೆಗೆ ರಾಜಿಯಾಗಿ, 1969ರಲ್ಲಿ ಅಲಿ ಮತ್ತು ರಾಕಿ ಮಾರ್ಸಿಯಾನೊ ಇಬ್ಬರನ್ನೂ ಸ್ಟುಡಿಯೋದೊಳಗೆ ಬಿಟ್ಟು ಸಿನಿಮಾ ತೆಗೆದರು. 49 ಪಂದ್ಯ ಆಡಿ ನಲವತ್ತೊಂಬತ್ತನ್ನೂ ಗೆದ್ದು 1956ರಲ್ಲಿ ನಿವೃತ್ತನಾಗಿದ್ದ ಮಾರ್ಸಿಯಾನೊ ಇದಕ್ಕಾಗಿ ಮೈ ಇಳಿಸಿಕೊಂಡ. ಬೋಳಾಗುತ್ತಿದ್ದ ತಲೆಗೆ ಟೋಪನ್ನೂ ಹಾಕಿಕೊಂಡ. ಪಾಪ, ಚಿತ್ರ ತೆರೆಗೆ ಬರುವ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರಲ್ಲಿ ಅಮೆರಿಕನ್ನರು ನೋಡಿದ ಪ್ರತಿಯಲ್ಲಿ ಮಾರ್ಸಿಯಾನೊ 13ನೆಯ ರೌಂಡಿನಲ್ಲಿ ಅಲಿಯನ್ನು ಕೆಡವಿ ಗೆದ್ದ. ಯುರೋಪಿಗೆ ಕಳಿಸಿದ ಪ್ರತಿಯಲ್ಲಿ ಅಲಿ ಗೆದ್ದ. ನಮ್ಮ ಕಲ್ಲುಬೆಂಚು ಎಷ್ಟೇ ಪಕ್ಷಪಾತಿಯಾದರೂ ಗಿರಾಕಿ ನೋಡಿ ತೀರ್ಪು ಬದಲಿಸಿದ್ದಿಲ್ಲ.

ತೊಡಕಿರುವುದು ಇಲ್ಲಿ: ಗಟ್ಟಿತನ ಮನುಷ್ಯನ ಇಡೀ ಮೈಗೆ ಒಂದೇ ಪ್ರಮಾಣದಲ್ಲಿ ಹಂಚಿಕೆಯಾಗಿರುವುದಿಲ್ಲ. ಗದ್ದಕ್ಕೆ ತಗುಲಿದ ಪೆಟ್ಟು ತಲೆಯನ್ನು ಗಕ್ಕನೆ ತಿರುಗಿಸುತ್ತದೆ, ಬುರುಡೆಯೊಳಗೆ ಮಿದುಳು ತುಳುಕುತ್ತದೆ, ಕಾಲುಗಳಿಗೆ ಯಜಮಾನನಿಲ್ಲದಂತಾಗುತ್ತದೆ. ಕುತ್ತಿಗೆ ದಪ್ಪವಿದ್ದವನು ಸ್ವಲ್ಪ ತಡೆದಾನು. ಆದರೆ ಗದ್ದ ಗಟ್ಟಿಯಿದ್ದರೆ ಚರ್ಮ ಗಟ್ಟಿಯಿರಬೇಕೆಂದಿಲ್ಲ, ಚರ್ಮ ಗಟ್ಟಿಯಿದ್ದರೆ ಭುಜ ಗಟ್ಟಿಯಿರಬೇಕೆಂದಿಲ್ಲ. 1954ರಲ್ಲಿ ಎಜ಼ರ್ಡ್ ಚಾರ್ಲ್ಸ್ ಜೊತೆಗಿನ ಎರಡನೆಯ ಕಾದಾಟದಲ್ಲಿ ಮಾರ್ಸಿಯಾನೊನ ಮೂಗು ಸೀಳಿ ಎರಡಾಗಿತ್ತು. ಪಂದ್ಯ ನಿಲ್ಲಿಸಿಯಾರೆಂಬ ಅವಸರದಲ್ಲಿ ಅವನು ಎಂಟನೆಯ ರೌಂಡಿಗೇ ಕೆಲಸ ಮುಗಿಸಿದ.

ಉಕ್ರೇನಿನ ವಿಟಾಲಿ ಕ್ಲಿಚ್ಕೊನನ್ನು ನೋಡಿ. ವೃತ್ತಿ ಬಾಕ್ಸಿಂಗಿನಲ್ಲಿ ಒಮ್ಮೆಯೂ ನೆಲಕ್ಕೆ ಬಿದ್ದವನಲ್ಲ. ಆದರೆ 2000ದಲ್ಲಿ ಕ್ರಿಸ್ ಬರ್ಡ್ ಎದುರು ಅಂಕಗಳಲ್ಲಿ ಮುಂದಿದ್ದೂ ಭುಜದ ನೋವೆಂದು ಒಂಬತ್ತು ರೌಂಡಿನ ನಂತರ ಕುರ್ಚಿಯಿಂದ ಏಳಲಿಲ್ಲ. ‘ಆರಡಿ ಏಳಿಂಚಿನ ಅಳುಬುರುಕ’ ಎಂಬ ಧಾಟಿಯಲ್ಲಿ ಜನ ಆಡಿಕೊಂಡರು. ಮೂರು ವರ್ಷದ ಮೇಲೆ ಲೆನಾಕ್ಸ್ ಲೂಯಿಸ್ ಜೊತೆ ಕಾದಾಡುವಾಗ ಎಡಗಣ್ಣಿನ ಮೇಲಿನ ಚರ್ಮ ಹರಿದು ಜೋತುಬಿತ್ತು. ಆಗಲೂ ಅವನೇ ಮುಂದಿದ್ದ. ಆರು ರೌಂಡಿನ ನಂತರ ವೈದ್ಯರು ಸಾಕೆಂದಾಗ ಬೇಡ ಬೇಡವೆಂದು ಕೂಗಾಡಿದ. ಅಳುಬುರುಕ ರಾತ್ರೋರಾತ್ರಿ ವೀರನಾದ. ಮನುಷ್ಯ ಅದೇ, ಗದ್ದವೂ ಅದೇ. ತಮ್ಮ ವ್ಲಾಡಿಮಿರ್‌ನದು ಇದಕ್ಕೆ ತದ್ವಿರುದ್ಧ ಜಾತಕ: ಮೂರು ಸಲ ನಾಕೌಟ್ ಆಗಿ, ಗಾಜಿನ ಗದ್ದದವನೆಂಬ ಬಿರುದು ಹೊತ್ತವನು ಆಮೇಲೆ ಉದ್ದನೆಯ ಎಡಗೈಯನ್ನು ಗೇಟಿನಂತೆ ಅಡ್ಡ ಹಿಡಿದು 2006ರಿಂದ 2015ರವರೆಗೆ ಚಾಂಪಿಯನ್ನಾಗಿ ಉಳಿದ. ಬೀಳದಿರಲು ಗಟ್ಟಿಯಾಗಿರಬೇಕೆಂದು ಯಾರು ಹೇಳಿದರು, ಪೆಟ್ಟು ತಪ್ಪಿಸಿಕೊಂಡರೂ ಆಗುತ್ತದೆ.

ಶುದ್ಧ ಗದ್ದದ ಸ್ಪರ್ಧೆಯೇ ಆದರೆ ಬಹುಮಾನ ವಿಶ್ವ ಚಾಂಪಿಯನ್ನನೇ ಆಗದ ಒಬ್ಬನಿಗೆ ಹೋಗುತ್ತದೆ. ಕೆನಡಾದ ಜಾರ್ಜ್ ಚುವಾಲೊ 93 ಪಂದ್ಯ ಆಡಿದ, ಅಲಿ, ಫ್ರೇಜಿಯರ್, ಫೋರ್‌ಮನ್ ಮೂವರಿಂದಲೂ ತಿಂದ, ಒಮ್ಮೆಯೂ ಬೀಳಲಿಲ್ಲ. 1966ರಲ್ಲಿ ಟೊರಾಂಟೊದಲ್ಲಿ ಅಲಿಯೊಂದಿಗೆ 15 ರೌಂಡ್ ಆಡಿ ಸೋತ. ಆ ರಾತ್ರಿ ಅಲಿ ಆಸ್ಪತ್ರೆಗೆ ಹೋದ, ನಾನು ಹೆಂಡತಿಯ ಜೊತೆ ಕುಣಿಯಲು ಹೋದೆ ಎಂದು ಮುಂದೆ ಅವನು ಹೇಳಿಕೊಳ್ಳುತ್ತಿದ್ದ. ಸೋತವನ ಬಾಯಲ್ಲಿ ಇದಕ್ಕಿಂತ ಚೆಂದದ ಮಾತು ನಾನು ಕೇಳಿಲ್ಲ.

ಮನಿಲಾದ ಹೆಸರೆತ್ತದೆ ಈ ಚರ್ಚೆ ಮುಗಿಯುವುದಿಲ್ಲ. 1975ರ ಅಕ್ಟೋಬರ್ 1ರಂದು ಅಲ್ಲಿ ಅಲಿ ಮತ್ತು ಫ್ರೇಜಿಯರ್ ಮತ್ತೆ ಎದುರಾದರು. ಅಮೆರಿಕದ ಟೀವಿಗೆ ಹೊಂದಲೆಂದು ಪಂದ್ಯವನ್ನು ಬೆಳಗಿನ ಹೊತ್ತಿಗೆ ಇಟ್ಟಿದ್ದರು. ಜನ ಕಿಕ್ಕಿರಿದ ಸಭಾಂಗಣ ಒಲೆಯಾಗಿತ್ತು. ಫ್ರೇಜಿಯರ್‌ನ ಎಡಗಣ್ಣು ಮೊದಲಿನಿಂದಲೂ ಮಂಜು. ಅದನ್ನು ಅವನು ವರ್ಷಗಟ್ಟಲೆ ಗುಟ್ಟಾಗಿಟ್ಟಿದ್ದ. ಈಗ ಬಲಗಣ್ಣೂ ಊದಿ ಮುಚ್ಚಿಕೊಂಡಿತು. ಕಾಣದ ಗುದ್ದುಗಳನ್ನು ಮುಖದ ಮೇಲೆ ತೆಗೆದುಕೊಳ್ಳುತ್ತ ಮುಂದೆ ಮುಂದೆ ನಡೆಯುತ್ತಲೇ ಇದ್ದ. ಆಚೆ ಅಲಿಯೂ ಅರ್ಧ ಸತ್ತಿದ್ದ. ಸಾವಿಗೆ ಅಷ್ಟು ಹತ್ತಿರ ತಾನೆಂದೂ ಹೋಗಿರಲಿಲ್ಲ ಎಂದು ಆಮೇಲೆ ಒಪ್ಪಿಕೊಂಡ. 14ನೆಯ ರೌಂಡ್ ಮುಗಿದಾಗ ಫ್ರೇಜಿಯರ್‌ನ ಗುರು ಎಡ್ಡಿ ಫಚ್ ಸಾಕೆಂದ. ಫ್ರೇಜಿಯರ್ ಬೇಡವೆಂದ. ರಿಂಗಿನಲ್ಲಿ ಪೆಟ್ಟು ತಿಂದು ಸತ್ತವರನ್ನು ಕಂಡಿದ್ದ ಫಚ್ ಕೇಳಲಿಲ್ಲ. ಇನ್ನು ಮೂರೇ ನಿಮಿಷ ಉಳಿದಿತ್ತು, ವಿಶ್ವದ ಪಟ್ಟ ಕೈಗೆಟುಕುವಲ್ಲಿತ್ತು, ಶಿಷ್ಯ ದುರುಗುಟ್ಟಿ ನೋಡುತ್ತಿದ್ದ. ಆಗ ಸಾಕೆನ್ನಲು ಬೇಕಾದ ಗಟ್ಟಿತನಕ್ಕೆ ಯಾವ ಬೆಲ್ಟೂ ಕೊಡುವುದಿಲ್ಲ. ನಾನಾಗಿದ್ದರೆ ಆ ದಿನದ ಬೆಲ್ಟನ್ನು ಫಚ್‌ನ ಸೊಂಟಕ್ಕೆ ಕಟ್ಟುತ್ತಿದ್ದೆ.

ಸಾಕೆನ್ನುವ ಈ ವಿಷಯದಲ್ಲಿ ನಮ್ಮ ಮೈಸೂರಿನ ಜೆಟ್ಟಿಗಳದು ಮೆಚ್ಚಬೇಕಾದ ವ್ಯವಸ್ಥೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚಾದ ವಜ್ರಮುಷ್ಟಿ ತೊಟ್ಟು ಕಣಕ್ಕಿಳಿಯುತ್ತಾರೆ. ನೋಡಿದರೆ ಹೆದರಿಕೆಯಾಗಬೇಕು. ಆದರೆ ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಅಲ್ಲಿಗೆ ಮುಗಿಯಿತು. ಇದೇ ನಿಯಮ ಮನಿಲಾದಲ್ಲಿದ್ದಿದ್ದರೆ ಜನ ಟಿಕೆಟ್ ದುಡ್ಡು ವಾಪಸ್ ಕೇಳುತ್ತಿದ್ದರು.

ಇಷ್ಟೆಲ್ಲ ಹೇಳಿ ನನ್ನ ಆಯ್ಕೆ ಯಾರೆಂದು ಹೇಳದಿದ್ದರೆ ತಪ್ಪಾದೀತು. ಬೆಂಚಿನಲ್ಲಿ ಈ ಹೆಸರು ಹೇಳಿದಾಗಲೆಲ್ಲ ನಗೆ ಏಳುತ್ತದೆ: ಫ್ಲಾಯ್ಡ್ ಪ್ಯಾಟರ್ಸನ್. ಬೀಳುವುದರಲ್ಲಿ ಚಾಂಪಿಯನ್. 1959ರಲ್ಲಿ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಅವನನ್ನು ಮೂರನೆಯ ರೌಂಡೊಂದರಲ್ಲೇ ಏಳು ಸಲ ಕೆಡವಿದ. ಏಳು ಸಲ ಬೀಳಬೇಕಾದರೆ ನಡುವೆ ಆರು ಸಲವಾದರೂ ಏಳಬೇಕಲ್ಲ! ಮೇಷ್ಟ್ರು ಈ ಲೆಕ್ಕವನ್ನು ಮಾತ್ರ ತಕ್ಷಣ ಒಪ್ಪಿದರು. ತಾನು ಎಲ್ಲರಿಗಿಂತ ಹೆಚ್ಚು ಬಿದ್ದವನಾದರೆ ಎಲ್ಲರಿಗಿಂತ ಹೆಚ್ಚು ಎದ್ದವನೂ ತಾನೇ ಎಂಬರ್ಥದ ಮಾತನ್ನು ಪ್ಯಾಟರ್ಸನ್ನೇ ಆಡಿದ್ದ. ಮರುವರ್ಷ ಯೊಹಾನ್ಸನ್ನನ್ನು ಕೆಡವಿ, ಕಳೆದುಕೊಂಡ ಹೆವಿವೇಟ್ ಪಟ್ಟವನ್ನು ಮರಳಿ ಪಡೆದ ಮೊದಲ ಮನುಷ್ಯನಾದ. ಗೆದ್ದ ಖುಷಿಯಲ್ಲಿ ಕುಣಿಯಬೇಕಾದವನು, ಎಚ್ಚರ ತಪ್ಪಿ ಬಿದ್ದವನ ಬಳಿ ಮಂಡಿಯೂರಿ ಅವನನ್ನು ಹಿಡಿದುಕೊಂಡ. ಮುಂದೆ ಇಬ್ಬರೂ ಆಪ್ತ ಗೆಳೆಯರಾದರು. ಮುಪ್ಪಿನಲ್ಲಿ ಇಬ್ಬರಿಗೂ ಮರೆವಿನ ಕಾಯಿಲೆ ಬಂತೆಂಬುದನ್ನು ನಾನು ಬೆಂಚಿನಲ್ಲಿ ಹೇಳುವುದಿಲ್ಲ. ಹೇಳಿದರೆ ವಾದ ಮುಂದುವರಿಸಲು ನಾಲಿಗೆ ಏಳುವುದಿಲ್ಲ.

ಪ್ಯಾಟರ್ಸನ್ನನಿಗೆ ಸೋಲಿಗಿಂತ ಹೆದರಿಕೆಯಿದ್ದದ್ದು ಸೋತ ಮುಖವನ್ನು ನಾಲ್ಕು ಜನಕ್ಕೆ ತೋರಿಸಲು. 1962ರಲ್ಲಿ ಷಿಕಾಗೋದಲ್ಲಿ ಸನ್ನಿ ಲಿಸ್ಟನ್ ಅವನನ್ನು ಮೊದಲ ರೌಂಡಿನಲ್ಲೇ ಮುಗಿಸಿದಾಗ, ಜೊತೆಗೆ ತಂದುಕೊಂಡಿದ್ದ ಕಟ್ಟುಗಡ್ಡ, ಕಟ್ಟುಮೀಸೆ ಅಂಟಿಸಿಕೊಂಡು ಊರು ಬಿಟ್ಟ. ಪಂದ್ಯಕ್ಕೆ ಮೊದಲೇ ಗಡ್ಡ ಮೀಸೆ ಚೀಲಕ್ಕೆ ಹಾಕಿಕೊಂಡವನು ಮತ್ತೆ ರಿಂಗಿಗೆ ಹೋದನಲ್ಲ, ಅದಕ್ಕೇ ನನ್ನ ಮತ ಅವನಿಗೆ. ಹೆದರಿಕೆಯೇ ಗೊತ್ತಿಲ್ಲದವನ ಗಟ್ಟಿತನದಲ್ಲಿ ಅವನ ಕೈವಾಡವೇನು?

ಮೇಷ್ಟ್ರ ಮತ ಫೋರ್‌ಮನ್‌ಗೆ. ಕಾರಣ ವಯಸ್ಸಿನದು. ಹತ್ತು ವರ್ಷ ಬಾಕ್ಸಿಂಗ್ ಬಿಟ್ಟು ಧರ್ಮಬೋಧಕನಾಗಿದ್ದವನು, ಬೊಜ್ಜು ಹೊತ್ತು ವಾಪಸ್ ಬಂದು, ರೌಂಡುಗಳ ನಡುವೆ ಕುರ್ಚಿಯನ್ನೂ ಮುಟ್ಟದೆ ನಿಂತೇ ಇದ್ದು, 1994ರಲ್ಲಿ 45ರ ಪ್ರಾಯದಲ್ಲಿ ಮೈಕಲ್ ಮೂರರ್‌ನನ್ನು ಮಲಗಿಸಿ ಮತ್ತೆ ಚಾಂಪಿಯನ್ ಆದ. ಹಾಕಿಕೊಂಡದ್ದು ಕಿನ್ಶಾಸಾದಲ್ಲಿ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ. ಐದು ಗಂಡುಮಕ್ಕಳಿಗೂ ಅವನು ಜಾರ್ಜ್ ಎಂದೇ ಹೆಸರಿಟ್ಟಿದ್ದ. ಅಷ್ಟೊಂದು ಘಟಾನುಘಟಿಗಳಿಂದ ತಲೆಗೆ ತಿಂದವನಿಗೆ ಎಷ್ಟು ಹೆಸರು ನೆನಪಿದ್ದೀತು ಎಂದು ತಾನೇ ತಮಾಷೆ ಮಾಡುತ್ತಿದ್ದ. ಒಬ್ಬ ಮಗಳು ಜಾರ್ಜೆಟ್ಟಾ. ಆ ಮನೆಯಲ್ಲಿ ‘ಜಾರ್ಜ್’ ಎಂದು ಯಾರಾದರೂ ಕೂಗಿದರೆ, ಹತ್ತು ಎಣಿಸುವುದರೊಳಗೆ ಆರು ಜನ ಎದ್ದು ನಿಲ್ಲುತ್ತಿದ್ದರೇನೋ.